ಅಕ್ಷರ, ನಂಬಿಕೆ, ನಾಡು: ಅರ್ಮೇನಿಯನ್ನರ ಕಥೆ

ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಮಿತಿಯವರು ಫೋನ್ ಮಾಡಿದಾಗ, ಶಾಲೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯುವವರು ಬಹಳ ಮಂದಿ ಇದ್ದಾರೆ, ನಾನು ಚರಿತ್ರೆಯ ಒಂದು ವಿಷಯ ಬರೆಯುತ್ತೇನೆ ಎಂದೆ. ಬಿ.ಇ. ಓದಿದವನಿಗೆ ಚರಿತ್ರೆಯ ಉಸಾಬರಿ ಯಾಕೆ ಎಂದು ಕೆಲವರಿಗೆ ಅನ್ನಿಸಬಹುದು. ಈ ಶಾಲೆಯಲ್ಲಿ ಓದಿದ ಮೂರು ವರ್ಷವೂ ನನಗೆ ಇಷ್ಟವಾಗಿದ್ದ ವಿಷಯ ಸಮಾಜ ವಿಜ್ಞಾನ. ಅಂಕ ಬಂದದ್ದು ಗಣಿತದಲ್ಲಿ, ಹಾಗಾಗಿ ಎಂಜಿನಿಯರ್ ಆದೆ. ನಮ್ಮ ಪಾಠಗಳಲ್ಲಿ ರೋಮ್, ಪರ್ಷಿಯಾ, ಒಟ್ಟೋಮನ್ ತುರ್ಕರು, ರಷ್ಯಾ ಎಲ್ಲವೂ ಬರುತ್ತಿದ್ದವು. ಈ ನಾಲ್ಕರ ನಡುವೆ ಸಿಕ್ಕಿಕೊಂಡು ನಜ್ಜುಗುಜ್ಜಾದ ಒಂದು ಸಣ್ಣ ನಾಡಿನ ಹೆಸರು ಮಾತ್ರ ಓದಿದ ನೆನಪಿಲ್ಲ. ಅದು ಅರ್ಮೇನಿಯಾ.

ನನಗೆ ಆ ನಾಡಿನ ಪರಿಚಯವಾದದ್ದು ಕಂಪ್ಯೂಟರ್ ಪರದೆಯ ಮೇಲೆ. ನಮ್ಮ ಕಂಪನಿಯ ಒಂದು ಸಾಫ್ಟ್‌ವೇರನ್ನು ಬೇರೆ ಬೇರೆ ಭಾಷೆಗಳಿಗೆ ಹೊಂದಿಸುವ ಕೆಲಸ ನಡೆದಿತ್ತು. ಅರ್ಮೇನಿಯನ್ ಭಾಷೆಯ ಪುಟಗಳಲ್ಲಿ ಪ್ರತಿ ವಾಕ್ಯದ ಕೊನೆಗೆ ಪೂರ್ಣವಿರಾಮದ ಬದಲು ಒಂದರ ಮೇಲೊಂದು ಎರಡು ಚುಕ್ಕಿ ಇರುತ್ತಿತ್ತು. ಪ್ರಶ್ನೆ ಚಿಹ್ನೆ ವಾಕ್ಯದ ಕೊನೆಯಲ್ಲಿ ಇರದೆ, ಯಾವ ಪದವನ್ನು ಒತ್ತಿ ಕೇಳುತ್ತೇವೋ ಅದರ ಸ್ವರಾಕ್ಷರದ ತಲೆಯ ಮೇಲೆ ಕುಳಿತಿರುತ್ತಿತ್ತು. ನಮ್ಮ ಟೀಮಿನವರು ಇದು ದೋಷವೇ ಇರಬೇಕೆಂದು ವಿಚಾರಿಸಿದರೆ, ಯೆರೆವಾನ್ ನಗರದಲ್ಲಿ ಕೂತು ನಮ್ಮೊಡನೆ ಕೆಲಸ ಮಾಡುತ್ತಿದ್ದ ಸಹೋದ್ಯೋಗಿ, "ನಾವು ಹಾಗೇ ಬರೆಯುವುದು. ಇದು ನಮ್ಮದೇ ಲಿಪಿ, ಬೇರೆ ಯಾರದ್ದೂ ಅಲ್ಲ" ಎಂದು ಉತ್ತರ ಬರೆದರು. ಆ ಎರಡು ಸಾಲಿನಲ್ಲಿದ್ದ ಅಭಿಮಾನ ಕಂಡು ಕುತೂಹಲ ಹುಟ್ಟಿತು. ಅಂದಿನಿಂದ ಸಿಕ್ಕಿದ್ದನ್ನೆಲ್ಲ ಓದುತ್ತಾ ಬಂದಿದ್ದೇನೆ.

ಇಂದಿನ ಅರ್ಮೇನಿಯಾ ದೇಶದ ವಿಸ್ತೀರ್ಣ 29,743 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಆರನೇ ಒಂದು ಭಾಗಕ್ಕಿಂತಲೂ ತುಸು ಕಡಿಮೆ. ಜನಸಂಖ್ಯೆ ಸುಮಾರು 30 ಲಕ್ಷ. ಅದರ ಎರಡರಷ್ಟಕ್ಕೂ ಹೆಚ್ಚು ಅರ್ಮೇನಿಯನ್ನರು ರಷ್ಯಾ, ಅಮೆರಿಕ, ಫ್ರಾನ್ಸ್, ಲೆಬನಾನ್ ಮುಂತಾದ ಕಡೆ ಚದುರಿ ಹೋಗಿದ್ದಾರೆ. 1375ರಲ್ಲಿ ಅವರ ಕೊನೆಯ ರಾಜ್ಯವಾದ ಸಿಲಿಸಿಯಾ ಬಿದ್ದುಹೋಯಿತು. ಆಮೇಲೆ 1918ರವರೆಗೆ, ಅಂದರೆ 543 ವರ್ಷ, ಅವರಿಗೆ ತಮ್ಮದೆನ್ನುವ ಸರ್ಕಾರವಿರಲಿಲ್ಲ. ಇಷ್ಟಾದರೂ ಅವರು ತುರ್ಕರೊಳಗೋ ಪರ್ಷಿಯನ್ನರೊಳಗೋ ಕರಗಿಹೋಗಲಿಲ್ಲ. ಯಾಕೆ ಎಂಬುದೇ ನನ್ನನ್ನು ಹಿಡಿದ ಪ್ರಶ್ನೆ.

ಮೊದಲ ಉತ್ತರ ಅವರ ಚರ್ಚು. ಸಂಪ್ರದಾಯದ ಪ್ರಕಾರ ಕ್ರಿ.ಶ. 301ರಲ್ಲಿ ಅರಸ ಮೂರನೆಯ ತ್ರದಾತ್ ಕ್ರೈಸ್ತ ಧರ್ಮವನ್ನು ರಾಜಧರ್ಮವಾಗಿ ಸ್ವೀಕರಿಸಿದ. ರೋಮ್ ಸಾಮ್ರಾಜ್ಯಕ್ಕಿಂತ ಮೊದಲು. ಅರಸನಿಗೆ ದೀಕ್ಷೆ ಕೊಟ್ಟ ಗ್ರಿಗೋರನನ್ನು ಅದೇ ಅರಸ ಅದಕ್ಕೂ ಮೊದಲು ಹಲವು ವರ್ಷ ಆಳವಾದ ಗುಂಡಿಯಲ್ಲಿ ಸೆರೆಯಿಟ್ಟಿದ್ದನೆಂಬ ಕಥೆಯಿದೆ. ಖೋರ್ ವಿರಾಪ್ ಎಂಬ ಮಠದಲ್ಲಿ ಆ ಗುಂಡಿಯನ್ನು ಈಗಲೂ ತೋರಿಸುತ್ತಾರೆ, ಏಣಿ ಹಿಡಿದು ಕೆಳಗಿಳಿಯಬಹುದು. ಅಲ್ಲಿಂದ ಎದುರಿಗೇ ಅರರಾತ್ ಪರ್ವತ ಕಾಣುತ್ತದೆ. ಈ ಪರ್ವತದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಎರಡನೆಯ ಉತ್ತರ ಅಕ್ಷರ. ನನ್ನ ಮಟ್ಟಿಗೆ ಇದೇ ದೊಡ್ಡದು. ಧರ್ಮ ಬಂದು ನೂರು ವರ್ಷವಾದರೂ ಅವರಿಗೆ ತಮ್ಮ ಲಿಪಿ ಇರಲಿಲ್ಲ. ಪೂಜೆ ಗ್ರೀಕ್ ಇಲ್ಲವೇ ಸಿರಿಯಾಕ್ ಭಾಷೆಯಲ್ಲಿ, ಕೇಳುವ ಜನಕ್ಕೆ ಒಂದು ಮಾತೂ ತಿಳಿಯದು. 405ರ ಸುಮಾರಿಗೆ ಮೆಸ್ರೋಪ್ ಮಾಶ್ತೊತ್ಸ್ ಎಂಬ ಸನ್ಯಾಸಿ 36 ಅಕ್ಷರಗಳನ್ನು ರೂಪಿಸಿದ. ಇಂದು 39 ಇವೆ. ಅವನೂ ಅವನ ಶಿಷ್ಯರೂ ಮೊದಲು ಬೈಬಲ್ಲನ್ನು, ನಂತರ ಎಷ್ಟೋ ಗ್ರಂಥಗಳನ್ನು ತಮ್ಮ ಭಾಷೆಗೆ ತಂದರು. ಅನುವಾದ ಮಾಡಿದವರನ್ನು ಸಂತರೆಂದು ಪೂಜಿಸಿ, ಅವರ ಹೆಸರಿನಲ್ಲಿ ಒಂದು ಹಬ್ಬವನ್ನೇ ಇಟ್ಟುಕೊಂಡಿರುವ ಚರ್ಚು ಇದು. ಪುಸ್ತಕ ಅನುವಾದಿಸಿದವನಿಗೆ ನಾವು ಹೆಚ್ಚೆಂದರೆ ಒಂದು ಶಾಲು ಹೊದಿಸುತ್ತೇವೆ.

ಇದರ ಪರೀಕ್ಷೆ ಬೇಗನೇ ಬಂತು. ಪರ್ಷಿಯಾದ ಚಕ್ರವರ್ತಿ ಅರ್ಮೇನಿಯನ್ನರು ಜರತುಷ್ಟ್ರ ಧರ್ಮಕ್ಕೆ ಬರಬೇಕೆಂದು ಒತ್ತಾಯಿಸಿದಾಗ, 451ರಲ್ಲಿ ಅವರಾಯ್ರ್ ಬಯಲಿನಲ್ಲಿ ಯುದ್ಧವಾಯಿತು. ಸೇನಾಪತಿ ವರ್ದಾನ್ ಮಾಮಿಕೊನ್ಯಾನ್ ಸತ್ತ, ಅರ್ಮೇನಿಯನ್ನರು ಸೋತರು. ಆದರೆ ಅವರು ಕೈಚೆಲ್ಲಲಿಲ್ಲ. 484ರಲ್ಲಿ ಒಪ್ಪಂದವಾಗಿ ತಮ್ಮ ಧರ್ಮವನ್ನು ಆಚರಿಸುವ ಹಕ್ಕು ಪಡೆದರು. ಸೋತ ಯುದ್ಧವನ್ನು ಹಬ್ಬವಾಗಿ ಆಚರಿಸುವ ಜನ ಅವರು. ಅದೇ 451ರಲ್ಲಿ ಕಾಲ್ಸಿಡಾನ್ ಎಂಬಲ್ಲಿ ನಡೆದ ಕ್ರೈಸ್ತ ಧರ್ಮಸಭೆಯ ತೀರ್ಮಾನವನ್ನು ಅರ್ಮೇನಿಯನ್ ಚರ್ಚು ಮುಂದೆ ಒಪ್ಪಲಿಲ್ಲ. ಹಾಗಾಗಿ ಅದು ರೋಮಿನ ಪೋಪರ ಕೆಳಗೂ ಇಲ್ಲ, ಗ್ರೀಕರ ಜೊತೆಗೂ ಇಲ್ಲ. ಕೇರಳದ ಮಲಂಕರ ಆರ್ಥೊಡಾಕ್ಸ್ ಚರ್ಚು ಅದೇ ಬಳಗಕ್ಕೆ ಸೇರಿದ್ದು.

ಪುಸ್ತಕವನ್ನು ಈ ಜನ ಹೇಗೆ ಕಂಡರು ಎನ್ನುವುದಕ್ಕೆ ಒಂದು ಉದಾಹರಣೆ ಸಾಕು. ಯೆರೆವಾನಿನಲ್ಲಿ ಮಾತೆನಾದಾರಾನ್ ಎಂಬ ಹಸ್ತಪ್ರತಿ ಭಂಡಾರವಿದೆ. ಅಲ್ಲಿ ಮುಶ್ ಎಂಬ ಊರಿನ ಹೆಸರಿನಲ್ಲಿ ಕರೆಯುವ ಒಂದು ಪ್ರವಚನ ಗ್ರಂಥ ಇದೆ. 1200ರಿಂದ 1202ರವರೆಗೆ ಚರ್ಮದ ಹಾಳೆಗಳ ಮೇಲೆ ಬರೆದದ್ದು, ತೂಕ ಸುಮಾರು 28 ಕೆಜಿ. ಬರೆದು ಮುಗಿದ ಸ್ವಲ್ಪ ಕಾಲಕ್ಕೇ ಅದು ಶತ್ರುಗಳ ಪಾಲಾಯಿತು. ಸುತ್ತಲ ಹಳ್ಳಿಗಳ ಜನ ಚಂದಾ ಎತ್ತಿ, ಸೆರೆಯಾದ ಮನುಷ್ಯನನ್ನು ಬಿಡಿಸಿಕೊಳ್ಳುವಂತೆ ದುಡ್ಡು ಕೊಟ್ಟು ಬಿಡಿಸಿಕೊಂಡರು. ಏಳುನೂರು ವರ್ಷದ ನಂತರ, 1915ರಲ್ಲಿ, ಪ್ರಾಣ ಉಳಿಸಿಕೊಳ್ಳಲು ಓಡುತ್ತಿದ್ದ ಇಬ್ಬರು ಹೆಂಗಸರು ಹಾಳುಬಿದ್ದ ಮಠದಲ್ಲಿ ಅದನ್ನು ಕಂಡರಂತೆ. ಒಬ್ಬರಿಂದ ಹೊರಲಾಗದ ಭಾರ. ಎರಡು ಭಾಗ ಮಾಡಿ ಹಂಚಿಕೊಂಡು ಹೊರಟರು. ಒಂದು ಭಾಗ ಎಚ್ಮಿಯಾಜಿನ್‌ನ ಮುಖ್ಯ ಚರ್ಚನ್ನು ತಲುಪಿತು. ಇನ್ನೊಂದನ್ನು ಎರ್ಜುರುಮ್‌ನಲ್ಲಿ ಹೂತಿಡಲಾಗಿತ್ತು. ಅದು ರಷ್ಯನ್ ಸೇನೆಯ ಅಧಿಕಾರಿಯೊಬ್ಬನ ಕೈಗೆ ಸಿಕ್ಕಿ, ಕಾಲಾಂತರದಲ್ಲಿ ಮೊದಲ ಭಾಗವನ್ನು ಕೂಡಿಕೊಂಡಿತು. ಮನೆಮಠ ಬಿಟ್ಟು ಓಡುವಾಗ ಪುಸ್ತಕ ಹೊರುವುದು! ಆ ಹೆಂಗಸರಿಗೆ ಅದನ್ನು ಓದಲು ಬರುತ್ತಿತ್ತೋ ಇಲ್ಲವೋ.

ಇಲ್ಲಿ ನಮ್ಮ ಪಕ್ಕದ ಮದ್ರಾಸಿನ ಮಾತು ಹೇಳಲೇಬೇಕು. ನಾಡಿಲ್ಲದ ಕಾಲದಲ್ಲಿ ಅರ್ಮೇನಿಯನ್ ವ್ಯಾಪಾರಿಗಳು ಭಾರತಕ್ಕೆ ಬಂದು ಮದ್ರಾಸ್, ಕಲ್ಕತ್ತಾಗಳಲ್ಲಿ ನೆಲೆಸಿದ್ದರು. ಶಹಾಮಿರ್ ಶಹಾಮಿರ್ಯಾನ್ ಎಂಬ ಮದ್ರಾಸಿನ ಶ್ರೀಮಂತ ವ್ಯಾಪಾರಿ ಅಲ್ಲಿ ಅರ್ಮೇನಿಯನ್ ಅಚ್ಚುಕೂಟ ಹಾಕಿಸಿ, ಇಲ್ಲದ ದೇಶಕ್ಕೆ ಒಂದು ಸಂವಿಧಾನವನ್ನು ಬರೆಯಿಸಿ ಅಚ್ಚು ಹಾಕಿಸಿದ. ಅದರಲ್ಲಿ 521 ಕಲಮುಗಳಿವೆ. ಮುಖಪುಟದಲ್ಲಿ 1773 ಎಂದಿದೆ, ಅಚ್ಚಾದದ್ದು ಕೆಲವು ವರ್ಷ ತಡವಾಗಿ ಎನ್ನುತ್ತಾರೆ ವಿದ್ವಾಂಸರು. ಅದರಲ್ಲಿ ಅರಸನಿಲ್ಲ, ಜನ ಆರಿಸಿದ ಸಭೆಯೇ ಆಳಬೇಕು. ಮುಂದೆ 1794ರಲ್ಲಿ ಹರುತ್ಯುನ್ ಶ್ಮವೊನ್ಯಾನ್ ಎಂಬ ಪಾದ್ರಿ ಅದೇ ಮದ್ರಾಸಿನಿಂದ 'ಅಜ್ದರಾರ್' ಎಂಬ ಪತ್ರಿಕೆ ಹೊರಡಿಸಿದರು. ಇಡೀ ಜಗತ್ತಿನಲ್ಲಿ ಅರ್ಮೇನಿಯನ್ ಭಾಷೆಯ ಮೊದಲ ಪತ್ರಿಕೆ ಅದು. 18 ಸಂಚಿಕೆ ಬಂದು ನಿಂತಿತು. ಚೆನ್ನೈಗೆ ಹೋದವರು ಜಾರ್ಜ್ ಟೌನಿನ ಅರ್ಮೇನಿಯನ್ ಸ್ಟ್ರೀಟಿನಲ್ಲಿರುವ ಹಳೆಯ ಚರ್ಚನ್ನು ನೋಡಬಹುದು. ಶ್ಮವೊನ್ಯಾನರ ಸಮಾಧಿಯೂ ಅಲ್ಲೇ ಇದೆ.

1915ರ ವಿಷಯವನ್ನು ಹೆಚ್ಚು ವಿವರಿಸಲು ಮನಸ್ಸಾಗುವುದಿಲ್ಲ. ಮೊದಲ ಮಹಾಯುದ್ಧದ ಆ ವರ್ಷ ಏಪ್ರಿಲ್ 24ರಂದು ಒಟ್ಟೋಮನ್ ಸರ್ಕಾರ ಕಾನ್‌ಸ್ಟಾಂಟಿನೋಪಲ್‌ನಲ್ಲಿದ್ದ ಅರ್ಮೇನಿಯನ್ ಲೇಖಕರು, ವಕೀಲರು, ಪಾದ್ರಿಗಳನ್ನು ಹಿಡಿದು ಸಾಗಿಸಿತು. ಆಮೇಲೆ ಹಳ್ಳಿಗೆ ಹಳ್ಳಿಯನ್ನೇ ಸಿರಿಯಾದ ಮರಳುಗಾಡಿನ ಕಡೆ ನಡೆಸಿದರು. ಸತ್ತವರು 6 ಲಕ್ಷದಿಂದ 15 ಲಕ್ಷದವರೆಗೆ ಎಂದು ಬೇರೆ ಬೇರೆ ಅಂದಾಜುಗಳಿವೆ. ಇದನ್ನು ನರಮೇಧವೆಂದು ತುರ್ಕಿ ಇಂದಿಗೂ ಒಪ್ಪುವುದಿಲ್ಲ. ಹಳ್ಳಿಹಳ್ಳಿ ತಿರುಗಿ ಜನಪದ ಹಾಡುಗಳನ್ನು ಕೂಡಿಹಾಕಿದ್ದ ಪಾದ್ರಿ ಕೊಮಿತಾಸ್ ಬಂಧಿತರಲ್ಲಿ ಒಬ್ಬರು. ಅವರು ಜೀವಂತ ಬಿಡುಗಡೆಯಾದರೂ ಮನಸ್ಸು ಕದಡಿಹೋಯಿತು. 1935ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು.

1918ರಲ್ಲಿ ಹುಟ್ಟಿದ ಗಣರಾಜ್ಯ ಎರಡೂವರೆ ವರ್ಷ ಬದುಕಿತು. ಆಮೇಲೆ ಸೋವಿಯತ್ ಆಳ್ವಿಕೆ. ಚರ್ಚುಗಳು ಮುಚ್ಚಿದವು, 1938ರಲ್ಲಿ ಧರ್ಮಗುರು ಒಂದನೆಯ ಖೊರೇನ್ ಕೊಲೆಯಾದರು. ಮಧ್ಯ ಏಷ್ಯಾದ ಭಾಷೆಗಳೆಲ್ಲ ರಷ್ಯನ್ನರ ಸಿರಿಲಿಕ್ ಲಿಪಿಗೆ ಹೋದಾಗಲೂ ಅರ್ಮೇನಿಯನ್ ಲಿಪಿ ಉಳಿಯಿತು. 1965ರಲ್ಲಿ, ನರಮೇಧದ ಐವತ್ತನೇ ವರ್ಷ, ಯೆರೆವಾನಿನ ಬೀದಿಗೆ ಜನ ಸಾವಿರಾರು ಸಂಖ್ಯೆಯಲ್ಲಿ ಇಳಿದರು. ಎರಡು ವರ್ಷದಲ್ಲಿ ಗುಡ್ಡದ ಮೇಲೆ ಸ್ಮಾರಕ ಎದ್ದಿತು. ಪ್ರತಿ ಏಪ್ರಿಲ್ 24ರಂದು ಇಡೀ ಊರು ಅಲ್ಲಿಗೆ ನಡೆದು ಹೋಗಿ ಹೂವಿಡುತ್ತದೆ.

1991ರಲ್ಲಿ ಸ್ವತಂತ್ರ ದೇಶ ಬಂತು. ಅಲ್ಲಿಂದಾಚೆಗಿನ ಕಥೆ ನನಗೆ ಇನ್ನೂ ಕುತೂಹಲದ್ದು. ಜನಗಣತಿಯಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಮಂದಿ ತಾವು ಅರ್ಮೇನಿಯನ್ ಚರ್ಚಿನವರೆಂದೇ ಬರೆಸುತ್ತಾರೆ. ಆದರೆ ಪ್ರತಿ ಭಾನುವಾರ ಚರ್ಚಿಗೆ ಹೋಗುವವರು ಅವರಲ್ಲಿ ಸಣ್ಣ ಪಾಲು. ನನ್ನ ಸಹೋದ್ಯೋಗಿಯನ್ನು ಕೇಳಿದರೆ, "ನಾಮಕರಣ, ಮದುವೆ, ಸಾವು, ಮತ್ತೆ ಮನಸ್ಸಿಗೆ ಬೇಜಾರಾದಾಗ ಒಂದು ಮೇಣದ ಬತ್ತಿ ಹಚ್ಚಲು" ಎಂದರು. ಆಗಸ್ಟಿನಲ್ಲಿ ಹೊಸ ದ್ರಾಕ್ಷಿಯನ್ನು ಚರ್ಚಿನಲ್ಲಿ ಆಶೀರ್ವದಿಸಿ ಹಂಚುತ್ತಾರೆ. ಹರಕೆ ಹೊತ್ತವರು ಕುರಿಯನ್ನೋ ಕೋಳಿಯನ್ನೋ ಕೊಟ್ಟು, ಬೇಯಿಸಿದ ಮಾಂಸವನ್ನು ನೆರೆಹೊರೆಗೆ, ಬಡವರಿಗೆ ಹಂಚುತ್ತಾರೆ, ಅದಕ್ಕೆ ಮತಾಘ್ ಎಂದು ಹೆಸರು. ಬೇಸಿಗೆಯಲ್ಲಿ ವರ್ದವಾರ್ ಎಂಬ ಹಬ್ಬದ ದಿನ ಬೀದಿಯಲ್ಲಿ ಹೋಗುವ ಯಾರ ಮೇಲಾದರೂ ಬಕೆಟ್‌ಗಟ್ಟಲೆ ನೀರು ಸುರಿಯುತ್ತಾರೆ, ನಮ್ಮ ಓಕುಳಿಯ ಹಾಗೆ. ಕ್ರಿಸ್ತನಿಗಿಂತ ಹಿಂದಿನ ದೇವಿಯ ಹಬ್ಬ ಅದು ಎನ್ನುತ್ತಾರೆ, ಚರ್ಚು ಅದನ್ನೂ ತನ್ನ ಪಂಚಾಂಗಕ್ಕೆ ಸೇರಿಸಿಕೊಂಡಿದೆ.

ಇಂಥ ಕಡೆ ಬೇರೆಯವರ ಗತಿಯೇನು ಎಂಬ ಪ್ರಶ್ನೆ ಬರುತ್ತದೆ. ಅಲ್ಲಿನ ಅತಿ ದೊಡ್ಡ ಅಲ್ಪಸಂಖ್ಯಾತರು ಯಜಿದಿಗಳು, ಅವರ ಧರ್ಮವೇ ಬೇರೆ. ಜಗತ್ತಿನ ಅತಿ ದೊಡ್ಡ ಯಜಿದಿ ದೇವಾಲಯ 2019ರಲ್ಲಿ ಬಾಗಿಲು ತೆರೆದದ್ದು ಅರ್ಮೇನಿಯಾದ ಅಕ್ನಲಿಚ್ ಎಂಬ ಹಳ್ಳಿಯಲ್ಲಿ. ಸಂವಿಧಾನ ಧರ್ಮವನ್ನೂ ಸರ್ಕಾರವನ್ನೂ ಬೇರೆ ಬೇರೆ ಎನ್ನುತ್ತದೆ. ಅದರ ಮುಂದಿನ ಕಲಮಿನಲ್ಲೇ ರಾಷ್ಟ್ರದ ಬಾಳಿನಲ್ಲಿ ಅರ್ಮೇನಿಯನ್ ಚರ್ಚಿಗೆ ವಿಶೇಷ ಸ್ಥಾನವಿದೆ ಎಂದೂ ಹೇಳುತ್ತದೆ. ಈ ಎರಡು ಕಲಮುಗಳ ನಡುವಿನ ಜಗಳವೇ ಈಗ ನಡೆಯುತ್ತಿರುವುದು. ಶಾಲೆಗಳಲ್ಲಿ ಪ್ರತ್ಯೇಕ ವಿಷಯವಾಗಿದ್ದ ಚರ್ಚಿನ ಚರಿತ್ರೆಯನ್ನು ಸರ್ಕಾರ 2023ರಲ್ಲಿ ಸಾಮಾನ್ಯ ಚರಿತ್ರೆಯೊಳಗೆ ಸೇರಿಸಿತು, ಚರ್ಚು ಪ್ರತಿಭಟಿಸಿತು.

ಜಗಳ ಕಾವೇರಿದ್ದು ಕರಬಾಖ್ ಸೋಲಿನಿಂದ. ಅಜರ್‌ಬೈಜಾನ್‌ನೊಳಗೆ ಅರ್ಮೇನಿಯನ್ನರು ಇದ್ದ ಆ ಗುಡ್ಡನಾಡಿಗಾಗಿ ಮೂವತ್ತು ವರ್ಷ ಹೊಡೆದಾಟ ನಡೆಯಿತು. 1990ರ ದಶಕದಲ್ಲಿ ಗೆದ್ದವರು ಅರ್ಮೇನಿಯನ್ನರು, ಆಗ ಲಕ್ಷಾಂತರ ಅಜರ್‌ಬೈಜಾನಿಗಳು ಮನೆ ಕಳೆದುಕೊಂಡರು. ಇದನ್ನು ಹೇಳದೆ ಮುಂದೆ ಹೋದರೆ ಚರಿತ್ರೆಯಾಗುವುದಿಲ್ಲ. 2020ರ 44 ದಿನದ ಯುದ್ಧದಲ್ಲಿ ಪರಿಸ್ಥಿತಿ ತಿರುಗಿತು. ಬಿಟ್ಟುಕೊಡಬೇಕಾದ ಪ್ರದೇಶದಲ್ಲಿದ್ದ ದಾದಿವಾಂಕ್ ಮಠಕ್ಕೆ ಕೊನೆಯ ದಿನಗಳಲ್ಲಿ ಜನ ಗುಂಪು ಗುಂಪಾಗಿ ಹೋಗಿ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದರು. ಕೆಲವರು ತಮ್ಮ ಮನೆಗೆ ತಾವೇ ಬೆಂಕಿಯಿಟ್ಟು ಹೊರಟರು. 2023ರ ಸೆಪ್ಟೆಂಬರಿನಲ್ಲಿ ಉಳಿದಿದ್ದ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಒಂದೇ ವಾರದಲ್ಲಿ ಗುಳೆ ಬಂದರು.

ಪ್ರಧಾನಿ ನಿಕೋಲ್ ಪಶಿನ್ಯಾನ್ ಈಗ ಹೇಳುವುದು ಇಷ್ಟು: ಕಳೆದುಹೋದ ನಾಡನ್ನು ನೆನೆಯುವುದು ಸಾಕು, ಇಂದಿನ 29,743 ಚದರ ಕಿಲೋಮೀಟರೇ ನಮ್ಮ ನಿಜವಾದ ಅರ್ಮೇನಿಯಾ. ಗಡಿಯ ಕೆಲವು ಭಾಗಗಳನ್ನು ಅಜರ್‌ಬೈಜಾನಿಗೆ ಬಿಟ್ಟಾಗ, 2024ರಲ್ಲಿ ಬಗ್ರತ್ ಗಲ್‌ಸ್ತಾನ್ಯಾನ್ ಎಂಬ ಆರ್ಚ್‌ಬಿಷಪ್ ಚಳವಳಿಯ ಮುಂದೆ ನಿಂತರು. 2025ರ ಜೂನ್‌ನಲ್ಲಿ, ಸರ್ಕಾರ ಉರುಳಿಸುವ ಸಂಚು ಎಂಬ ಆರೋಪದ ಮೇಲೆ ಅವರ ಬಂಧನವಾಯಿತು. ಧರ್ಮಗುರು ಎರಡನೆಯ ಕರೆಕಿನ್ ಪೀಠ ಬಿಡಬೇಕೆಂದು ಪ್ರಧಾನಿಯೇ ಬಹಿರಂಗವಾಗಿ ಕೇಳಿದರು.

ಇನ್ನು ಅರರಾತ್ ಪರ್ವತ. ಯೆರೆವಾನಿನ ಯಾವ ಮಹಡಿಯಿಂದ ನೋಡಿದರೂ ಹಿಮ ಹೊದ್ದು ನಿಂತಿರುತ್ತದೆ, ದೇಶದ ಲಾಂಛನದಲ್ಲಿದೆ, ಆದರೆ ಇರುವುದು ತುರ್ಕಿಯ ನೆಲದಲ್ಲಿ. ದೇಶದೊಳಗೆ ಬರುವವರ ಪಾಸ್‌ಪೋರ್ಟಿಗೆ ಒತ್ತುವ ಮುದ್ರೆಯಿಂದ ಅದರ ಚಿತ್ರವನ್ನು ತೆಗೆಯಲು 2025ರಲ್ಲಿ ಸರ್ಕಾರ ತೀರ್ಮಾನಿಸಿತು. ನನ್ನ ಅಭಿಪ್ರಾಯ ಕೇಳಿದರೆ, ಗಡಿಯ ಶಾಂತಿಗಾಗಿ ಒಂದು ಮುದ್ರೆ ಬದಲಾದರೆ ತಪ್ಪಿಲ್ಲ. ಮಕ್ಕಳನ್ನು ಯುದ್ಧಕ್ಕೆ ಕಳಿಸುವುದು ನಿಲ್ಲಬೇಕು. ಆದರೆ ಸರ್ಕಾರವೇ ಇಲ್ಲದ 543 ವರ್ಷ ಜನರನ್ನು ಹಿಡಿದಿಟ್ಟ ಚರ್ಚಿನ ಪೀಠದಲ್ಲಿ ಯಾರಿರಬೇಕು ಎಂದು ಮೂವತ್ತು ಚಿಲ್ಲರೆ ವರ್ಷದ ಸರ್ಕಾರ ಹೇಳಹೊರಟದ್ದು ನನಗೆ ಸರಿಕಾಣುವುದಿಲ್ಲ. ನನ್ನ ಸಹೋದ್ಯೋಗಿ ಇದನ್ನು ಒಪ್ಪುವುದಿಲ್ಲ. ಚರ್ಚಿನ ಹಿರಿಯರಿಗೂ ಲೆಕ್ಕ ಕೇಳುವವರು ಬೇಕು ಎನ್ನುತ್ತಾರೆ. ಅವರ ಮನೆಯಲ್ಲೇ ಊಟಕ್ಕೆ ಕೂತಾಗ ಅಪ್ಪ ಮಗ ಈ ವಿಷಯಕ್ಕೆ ಮಾತು ಬಿಟ್ಟಿದ್ದಾರಂತೆ.

ಎರಡು ಕಡೆಯವರೂ ತಕರಾರಿಲ್ಲದೆ ಹೋಗುವ ಒಂದು ಹಬ್ಬ ಮಾತ್ರ ಉಳಿದಿದೆ ಎಂದೂ ಅವರು ಹೇಳಿದರು. ಒಂದನೇ ತರಗತಿಯ ಮಕ್ಕಳು ಅಕ್ಷರಮಾಲೆ ಕಲಿತು ಮುಗಿಸಿದಾಗ ಶಾಲೆಯಲ್ಲಿ ನಡೆಯುವ ಅಕ್ಷರ ಹಬ್ಬ ಅದು. ಎಷ್ಟೋ ಶಾಲೆಗಳವರು ಮಕ್ಕಳನ್ನು ಬಸ್ಸಿನಲ್ಲಿ ಓಶಕಾನ್ ಎಂಬ ಊರಿಗೆ, ಮಾಶ್ತೊತ್ಸನ ಸಮಾಧಿಯಿರುವ ಚರ್ಚಿಗೆ ಕರೆದೊಯ್ಯುತ್ತಾರೆ. ಕಳೆದ ಸಲ ಅವರ ಮಗಳ ಪಾಲಿಗೆ ಹನ್ನೊಂದನೇ ಅಕ್ಷರ ಬಂದಿತ್ತು. ರಟ್ಟಿನಲ್ಲಿ ಕತ್ತರಿಸಿದ ಆ ಅಕ್ಷರವನ್ನು ಕೊರಳಿಗೆ ಕಟ್ಟಿಕೊಂಡು ನಿಂತ ಫೋಟೋ ಕಳಿಸಿದ್ದರು, ಹಿಂದುಗಡೆ ಅಜ್ಜನೂ ಅಪ್ಪನೂ ಒಟ್ಟಿಗೇ ನಿಂತಿದ್ದರು.