ಬೆಂಕಿಪುರದಿಂದ ಭದ್ರಾವತಿಗೆ: ನಮ್ಮೂರಿನ ಕಲ್ಲು, ಕಬ್ಬಿಣ, ಕಾಗದ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಊರಿನ ಇತಿಹಾಸ ಬರೆದುಕೊಡಿ ಎಂದು ಸಂಪಾದಕ ಮಂಡಳಿಯವರು ಕೇಳಿದಾಗ ಸಂತೋಷವಾಯಿತು. ಇದೇ ಶಾಲೆಯಲ್ಲಿ ಓದಿ, ಮುಂದೆ ಸಮಾಜ ವಿಜ್ಞಾನದ ಮೇಷ್ಟರಾದ ನನ್ನನ್ನು ಮಕ್ಕಳು ಪ್ರತಿವರ್ಷ ಕೇಳುತ್ತಿದ್ದರು: "ಸಾರ್, ಹಂಪಿ, ಬೇಲೂರಿನ ಹಾಗೆ ನಮ್ಮೂರಲ್ಲಿ ಏನಿದೆ?" ಆ ಪ್ರಶ್ನೆಗೆ ಉತ್ತರವಾಗಿ ಈ ನಾಲ್ಕು ಮಾತು.

ಭದ್ರಾವತಿಯ ಹಳೆಯ ಹೆಸರು ಬೆಂಕಿಪುರ. ವಂಕಿ ಮಹರ್ಷಿಗಳ ವಂಕಿಪುರವೇ ಜನರ ಬಾಯಲ್ಲಿ ಬೆಂಕಿಪುರವಾಯಿತು ಎಂದು ಹಿರಿಯರು ಹೇಳುವುದುಂಟು. ಈಗಿನ ಹೆಸರು ಭದ್ರಾ ನದಿ ಕೊಟ್ಟದ್ದು. ಊರಿನ ಪ್ರಾಚೀನತೆಗೆ ಹಳೇನಗರದ ಲಕ್ಷ್ಮೀನರಸಿಂಹ ದೇವಾಲಯವೇ ಸಾಕ್ಷಿ. 13ನೆಯ ಶತಮಾನದ ಈ ಹೊಯ್ಸಳ ಗುಡಿ ತ್ರಿಕೂಟ ಮಾದರಿಯದು. ಎಂದರೆ ಮೂರು ಗರ್ಭಗುಡಿಗಳುಳ್ಳದ್ದು. ಎತ್ತರದ ಜಗತಿಯ ಮೇಲೆ ಸುತ್ತು ಹಾಕುತ್ತಲೇ ಹೊರಗೋಡೆಯ ಶಿಲ್ಪಗಳನ್ನು ನೋಡಬಹುದು. ಬೇಲೂರಿಗೆ ಶಾಲಾ ಪ್ರವಾಸ ಹೋಗುವ ಮೊದಲು ಮಕ್ಕಳನ್ನು ಇಲ್ಲಿಗೆ ಕರೆದುಕೊಂಡು ಬರಬೇಕು.

ಇಲ್ಲಿಂದ ಮುಂದೆ ಹರಿಯುವ ಭದ್ರೆ ಕೂಡಲಿಯಲ್ಲಿ ತುಂಗೆಯನ್ನು ಸೇರುತ್ತಾಳೆ. ಅಲ್ಲಿಯೂ ಹೊಯ್ಸಳರ ಕಾಲದ ಗುಡಿಗಳಿವೆ. ತುಂಗೆಯ ದಡದ ಶಿವಮೊಗ್ಗ ನಗರದಲ್ಲಿ ಶಿವಪ್ಪನಾಯಕನ ಅರಮನೆಯಿದೆ. ಕೆಳದಿಯ ಆ ದೊರೆ 17ನೆಯ ಶತಮಾನದವನು; ಈಗ ನಾವು ನೋಡುವ ಮರದ ಕಂಬಗಳ ಕಟ್ಟಡ 18ನೆಯ ಶತಮಾನದ ಹೈದರಾಲಿಯ ಕಾಲದ್ದೆಂದು ವಿದ್ವಾಂಸರ ಅಭಿಪ್ರಾಯ. ಅದೀಗ ಸರ್ಕಾರಿ ವಸ್ತುಸಂಗ್ರಹಾಲಯ. ಹಳ್ಳಿಗಳಿಂದ ತಂದ ವೀರಗಲ್ಲು, ಶಾಸನ, ಮೂರ್ತಿಗಳು ಅಂಗಳದಲ್ಲಿ ಸಾಲಾಗಿ ನಿಂತಿವೆ.

ಆದರೆ ಪರಂಪರೆ ಎಂದರೆ ಗುಡಿ, ಅರಮನೆ ಅಷ್ಟೇ ಅಲ್ಲ. ನಮ್ಮೂರನ್ನು ನಾಡಿಗೆ ಪರಿಚಯಿಸಿದ್ದು ಕಬ್ಬಿಣ. ಸರ್ ಎಂ. ವಿಶ್ವೇಶ್ವರಯ್ಯನವರು ಕನಸು ಕಂಡ ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆ 1923ರಲ್ಲಿ ಹೊತ್ತಿಕೊಂಡಿತು. ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಹಾಗಾಗಿ ಮಲೆನಾಡಿನ ಕಾಡಿನ ಸೌದೆಯನ್ನು ಇದ್ದಿಲು ಮಾಡಿ ಅದಿರು ಕರಗಿಸಿದರು. ಅದಿರು ಬರುತ್ತಿದ್ದುದು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ. 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಯಿತು. ಮುಂದೆ ವಿದ್ಯುತ್ ಕುಲುಮೆಗಳೂ ಬಂದವು. ಈ ಕಬ್ಬಿಣಕ್ಕೆ ನಮ್ಮ ಕಾಡು ತೆತ್ತ ಬೆಲೆಯೂ ಇತಿಹಾಸದ ಭಾಗವೇ. ಅದನ್ನೂ ಮಕ್ಕಳಿಗೆ ಹೇಳಬೇಕು.

1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಬಿದಿರು ಕಾಗದವಾಯಿತು, ಪೇಪರ್ ಟೌನ್ ಎಂಬ ಬಡಾವಣೆಯೇ ಎದ್ದಿತು. ಕೆಲಸ ಹುಡುಕಿಕೊಂಡು ತಮಿಳು, ತೆಲುಗು, ಮಲಯಾಳ, ಮರಾಠಿ, ಉರ್ದು ಮಾತಾಡುವವರು ಬಂದರು. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಕನ್ನಡ: ಹೀಗೆ ಬೆಳೆದ ಮಕ್ಕಳೇ ನಮ್ಮ ಹಾಜರಿ ಪುಸ್ತಕ ತುಂಬಿದವರು.

ಈಗ ಕಾಗದದ ಯಂತ್ರಗಳು ನಿಂತಿವೆ. ಕಬ್ಬಿಣದ ಕಾರ್ಖಾನೆಗೆ ನೂರು ತುಂಬಿದ 2023ರಲ್ಲೇ ಅದನ್ನು ಮುಚ್ಚುವ ನಿರ್ಧಾರದ ಸುದ್ದಿ ಬಂತು; ಕಾರ್ಮಿಕರು ಧರಣಿ ಕುಳಿತರು. ಹೊಯ್ಸಳರ ಕಲ್ಲು ಎಂಟು ಶತಮಾನ ಉಳಿಯಿತು. ಆದರೆ ಕುಲುಮೆಯ ಮುಂದೆ ಬೆವರು ಸುರಿಸಿದವರ ಅನುಭವ ಯಾವ ಕಲ್ಲಿನ ಮೇಲೂ ಕೆತ್ತಿಲ್ಲ. ಕರಗಿದ ಕಬ್ಬಿಣದ ಬಣ್ಣ ನೋಡಿಯೇ ಹದ ಹೇಳುತ್ತಿದ್ದ ಹಿರಿಯರು ಒಬ್ಬೊಬ್ಬರಾಗಿ ನಮ್ಮನ್ನು ಅಗಲುತ್ತಿದ್ದಾರೆ.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೆ. ಅಪ್ಪ, ತಾತ ಬಳಸಿದ ಗುರುತಿನ ಬಿಲ್ಲೆ, ಸಂಬಳದ ಚೀಟಿ, ಹಳೆಯ ಫೋಟೋ ಅಟ್ಟದ ಮೇಲಿದ್ದರೆ ಶಾಲೆಗೆ ತನ್ನಿ. ಒಂದು ಕೊಠಡಿಯ ಮೂಲೆಯಾದರೂ ಅದಕ್ಕೆ ಮೀಸಲಾಗಲಿ. ಶಿಕ್ಷಕ ಮಿತ್ರರು ಮಕ್ಕಳ ಕೈಗೆ ನೋಟ್‌ಬುಕ್ ಕೊಟ್ಟು, ನಿವೃತ್ತ ಕಾರ್ಮಿಕರ ಮಾತು ಬರೆಸಲಿ. ಗ್ರಾಮಸ್ಥರು ಹೊಲದಲ್ಲೋ ಕೆರೆ ಏರಿಯಲ್ಲೋ ಬಿದ್ದಿರುವ ವೀರಗಲ್ಲಿಗೆ ಸುಣ್ಣ ಬಳಿಯದೆ, ಒಗೆಯುವ ಕಲ್ಲಾಗಿಸದೆ ಕಾಪಾಡಲಿ. ಶತಮಾನೋತ್ಸವದ ಸಂಚಿಕೆ ಬರೆಯುವವರಿಗೆ ಆಗ ನಮ್ಮೂರಿನ ಇತಿಹಾಸ ಕೈಗೆ ಸಿಗುತ್ತದೆ.