ಗಾಳ ಹೋಗಿ ಬಲೆಯಾದ ಟ್ರೋಲು

ಪತ್ರಿಕೆಗಳ ವೆಬ್ ಆವೃತ್ತಿ ತೆರೆಯಿರಿ, ಟೀವಿ ಪರದೆಯ ಕೆಳಗೆ ಓಡುವ ಪಟ್ಟಿ ನೋಡಿ, ‘ನೆಟ್ಟಿಗರಿಂದ ಟ್ರೋಲ್’ ಅನ್ನುವ ಜೋಡಿಪದ ಎದುರಾಗದ ದಿನವಿಲ್ಲ. ಸುದ್ದಿ ಏನು ಬೇಕಾದರೂ ಆಗಿರಬಹುದು. ನಟಿಯ ಸೀರೆ, ಸಚಿವರ ಇಂಗ್ಲಿಷು, ಆಟಗಾರ ಕೈಚೆಲ್ಲಿದ ಕ್ಯಾಚು, ಪತ್ರಕರ್ತೆಗೆ ಬಂದ ಕೊಲೆ ಬೆದರಿಕೆ, ಎಲ್ಲದರ ನೆತ್ತಿಗೂ ಅದೇ ತಲೆಬರಹ. ‘ನೆಟ್ಟಿಗರು’ ಯಾವುದೋ ಡೆಸ್ಕಿನವರು ಟಂಕಿಸಿಬಿಟ್ಟ ಮುದ್ದಾದ ಪದ, ಅದರ ತಂಟೆಗೆ ನಾನು ಹೋಗುವುದಿಲ್ಲ. ತಕರಾರಿರುವುದು ‘ಟ್ರೋಲ್’ ಮೇಲೆ.

ಈ ಪದ ಎಲ್ಲಿಂದ ಬಂತು ಅಂದರೆ ಬಹಳ ಜನ ನಾರ್ವೆಯ ರಾಕ್ಷಸನ ಹೆಸರು ಹೇಳುತ್ತಾರೆ. ಆ ಸೀಮೆಯ ಜನಪದ ಕಥೆಗಳಲ್ಲಿ ಟ್ರೋಲ್ ಅಂದರೆ ಗುಡ್ಡದಲ್ಲೋ ಸೇತುವೆಯ ಅಡಿಯಲ್ಲೋ ಹೊಂಚುಹಾಕಿ ಕೂತ ವಿಕಾರರೂಪಿ. ದಾಟುವ ಮೇಕೆಗಳನ್ನು ತಿನ್ನಲು ಕಾಯುವ ಅವನ ಕಥೆಯನ್ನು ಆಸ್‌ಬ್ಯೋರ್ನ್‌ಸೆನ್ ಮತ್ತು ಮೋ ಎಂಬ ಜೋಡಿ ಹತ್ತೊಂಬತ್ತನೇ ಶತಮಾನದಲ್ಲಿ ಸಂಗ್ರಹಿಸಿತು. ಅಂತರ್ಜಾಲದ ಟ್ರೋಲಿಗೆ ಈ ಮುಖ ಚೆನ್ನಾಗಿ ಒಪ್ಪುತ್ತದೆ, ಹಾಗಾಗಿ ಅಂಟಿಕೊಂಡಿದೆ. ಆದರೆ ಬೇರು ಮೀನುಗಾರಿಕೆಯಲ್ಲಿದೆ. ದೋಣಿಯನ್ನು ನಿಧಾನಕ್ಕೆ ಬಿಡುತ್ತ, ಹಿಂದೆ ಗಾಳದ ದಾರವನ್ನು ನೀರಿನಲ್ಲಿ ಎಳೆಯುತ್ತ ಹೋಗುವುದಕ್ಕೆ ಇಂಗ್ಲಿಷಿನವರು ‘ಟ್ರೋಲಿಂಗ್’ ಅನ್ನುತ್ತಾರೆ. ಮೀನಿಗೆ ಕಾಣುವುದು ಚಲಿಸುವ ಎರೆ ಮಾತ್ರ.

1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳ ತಲೆಯಲ್ಲಿ ಮೊಳೆತ ಯೂಸ್‌ನೆಟ್ ಎಂಬ ಹರಟೆಜಾಲದಲ್ಲಿ, ತೊಂಬತ್ತರ ದಶಕದ ಆರಂಭದ ಹೊತ್ತಿಗೆ ಈ ಗಾಳ ಒಂದು ಆಟವಾಗಿತ್ತು. ಊಹಾಪೋಹ, ಕಟ್ಟುಕಥೆಗಳನ್ನು ಬಿಡಿಸಿ ನೋಡುವ ಗುಂಪೊಂದರಲ್ಲಿ ಹಳಬರು ಸಾವಿರ ಸಲ ಚರ್ಚೆಯಾಗಿ ಸವೆದುಹೋದ ವಿಷಯವನ್ನೇ ಬೇಕಂತಲೇ ಒಂದು ತಪ್ಪು ಸೇರಿಸಿ, ಏನೂ ಅರಿಯದವರಂತೆ ಬರೆಯುತ್ತಿದ್ದರು. ಗೊತ್ತಿದ್ದವರು ಮುಸಿಮುಸಿ ನಕ್ಕು ಸುಮ್ಮನಾಗುತ್ತಿದ್ದರು. ಹೊಸಬನೊಬ್ಬ ರೋಷದಿಂದ ಪುಟಗಟ್ಟಲೆ ತಿದ್ದುಪಡಿ ಬರೆದು ಕಳಿಸುತ್ತಿದ್ದ. ಮೀನು ಬಿತ್ತು. ಇದಕ್ಕೆ ಅವರೇ ಇಟ್ಟ ಹೆಸರು ‘ಟ್ರೋಲಿಂಗ್ ಫಾರ್ ನ್ಯೂಬೀಸ್’. ಹಾಸ್ಟೆಲಿನಲ್ಲಿ ಸೀನಿಯರುಗಳು ಹೊಸ ಹುಡುಗನನ್ನು ಇಲ್ಲದ ರೂಮ್ ನಂಬರಿಗೆ ಕಳಿಸುವಷ್ಟೇ ಕೇಡು ಅದರಲ್ಲಿತ್ತು.

ಕನ್ನಡದಲ್ಲಿ ಇದಕ್ಕೆ ‘ಗಾಳ ಹಾಕು’ ಅಂದರೆ ಸಾಕಿತ್ತು. ಏನು ಮಾಡೋಣ, ನಮ್ಮ ರಾಜಕೀಯ ವರದಿಗಾರರು ಆ ಮಾತನ್ನು ಮೊದಲೇ ಬುಕ್ ಮಾಡಿಕೊಂಡಿದ್ದರು. ‘ಅತೃಪ್ತ ಶಾಸಕರಿಗೆ ಗಾಳ’ ಅಂತ ಓದಿ ಓದಿ, ಗಾಳ ಅಂದರೆ ರೆಸಾರ್ಟು, ಬಸ್ಸು, ಖಾತೆ ಹಂಚಿಕೆ ಅಂತಲೇ ನಮಗೆ ಅಭ್ಯಾಸವಾಗಿಹೋಗಿದೆ. ಹೀಗಾಗಿ ಟ್ರೋಲ್ ಕನ್ನಡಕ್ಕೆ ಬರುವಾಗ ಗಾಳದ ಅರ್ಥ ಬಂದರಿನಲ್ಲೇ ಉಳಿದು, ನಗು ಮಾತ್ರ ಊರೊಳಗೆ ಬಂತು.

ಆ ನಗುವಿಗೊಂದು ಮುಖವೂ ಇತ್ತು. 2008ರಲ್ಲಿ ಕಾರ್ಲೋಸ್ ರಾಮಿರೆಜ್ ಎಂಬ ಅಮೆರಿಕದ ವಿದ್ಯಾರ್ಥಿ ಮೈಕ್ರೋಸಾಫ್ಟ್ ಪೇಂಟಿನಲ್ಲಿ ಗೀಚಿದ, ಕಿವಿಯಿಂದ ಕಿವಿಗೆ ಹಲ್ಲು ಕಿರಿಯುವ ಟ್ರೋಲ್‌ಫೇಸ್. ಅದು ಲೋಕ ಸುತ್ತಿ ಬಂದು ನಮ್ಮಲ್ಲಿಯ ಎಷ್ಟೋ ಪೇಜುಗಳ ಲಾಂಛನದಲ್ಲಿ ಕೂತುಕೊಂಡಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲಂತೂ ಕೇಳಲೇಬೇಡಿ. ಜಗ್ಗೇಶರ ಹುಬ್ಬು, ಸಾಧು ಕೋಕಿಲರ ಕಣ್ಣು, ಎಲ್ಲಿಂದಲೋ ಬಂದ ಬ್ರಹ್ಮಾನಂದಂ ಮುಖ ಇಷ್ಟಿದ್ದರೆ ವಿಧಾನಸೌಧದ ಯಾವ ಭಾಷಣಕ್ಕೂ ಟಿಪ್ಪಣಿ ಸಿದ್ಧ. ಮಾತನಾಡುತ್ತಿದ್ದವರು ಎಡವಿದ ಅಕ್ಷರದ ಮೇಲೆ ವಿಡಿಯೊ ನಿಲ್ಲುತ್ತದೆ, ಅವರ ಮುಖ ದೊಡ್ಡದಾಗುತ್ತದೆ, ಹಿಂದಿನಿಂದ ಗಾಜು ಒಡೆದ ಸದ್ದು, ನಂತರ ಆ ಹುಬ್ಬು.

ಇಂಗ್ಲಿಷಿನಲ್ಲಿ ತನ್ನನ್ನು ತಾನೇ ಟ್ರೋಲ್ ಅಂತ ಕರೆದುಕೊಳ್ಳುವವರು ಕಡಿಮೆ, ಅದು ಬೈಗುಳ. ನಮ್ಮಲ್ಲಿ ‘ಟ್ರೋಲ್ ಪೇಜ್ ಅಡ್ಮಿನ್’ ಅನ್ನುವುದು ಊರ ಹುಡುಗರ ನಡುವೆ ಒಂದು ಹುದ್ದೆ. ದಕ್ಷಿಣದ ಭಾಷೆಗಳೆಲ್ಲ ಹೀಗೇ ಮಾಡಿಕೊಂಡಿವೆ, ಕೇರಳದಲ್ಲಂತೂ ಟ್ರೋಲ್ ಅಂದರೆ ಮೀಮ್ ಅಂತಲೇ. ಅಲ್ಲಿಯ ಪೊಲೀಸ್ ಇಲಾಖೆಯ ಫೇಸ್‌ಬುಕ್ ಪುಟ ಹೆಸರಾದದ್ದೇ ಸಿನಿಮಾ ದೃಶ್ಯಗಳನ್ನಿಟ್ಟು ಹೆಲ್ಮೆಟ್ ಹಾಕದವರನ್ನು ಟ್ರೋಲ್ ಮಾಡಿ. ವ್ಯಾಕರಣದಲ್ಲೂ ನಾವು ಅದನ್ನು ನಮಗೆ ಬೇಕಾದಂತೆ ಬಗ್ಗಿಸಿಕೊಂಡಿದ್ದೇವೆ. ಹಿಂದೂಸ್ತಾನಿಯಿಂದ ಬಂದವಕ್ಕೆ ‘ಆಯಿಸು’ ಹಚ್ಚಿ ಜಮಾಯಿಸು, ದಬಾಯಿಸು ಅಂತ ಮನೆಮಕ್ಕಳನ್ನಾಗಿ ಮಾಡಿಕೊಂಡ ಕನ್ನಡ, ಇಂಗ್ಲಿಷಿನವನ್ನು ಮಾತ್ರ ‘ಮಾಡು’, ‘ಆಗು’ಗಳ ಊರುಗೋಲು ಕೊಟ್ಟು ಜಗಲಿಯಲ್ಲೇ ಕೂರಿಸುತ್ತದೆ. ಟ್ರೋಲ್ ಮಾಡಿದರು, ಟ್ರೋಲ್ ಆದರು. ಈ ‘ಆದರು’ ಬಹಳ ಅನುಕೂಲದ್ದು. ಮಳೆಯಾಯಿತು ಅನ್ನುವ ಹಾಗೆ, ಮಾಡಿದವರು ಯಾರು ಅಂತ ಹೇಳಬೇಕಾಗುವುದಿಲ್ಲ.

ನಕ್ಕದ್ದೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. 2019ರ ಲೋಕಸಭಾ ಚುನಾವಣೆಯಲ್ಲಿ ‘ನಿಖಿಲ್, ಎಲ್ಲಿದ್ದೀಯಪ್ಪಾ’ ಹುಟ್ಟಿದ ಬಗೆ ನೋಡಿ. ಮಗ ನಾಯಕನಾಗಿದ್ದ ‘ಜಾಗ್ವಾರ್’ ಚಿತ್ರದ ಕಾರ್ಯಕ್ರಮದಲ್ಲಿ ಕುಮಾರಸ್ವಾಮಿಯವರು ವೇದಿಕೆಯಿಂದ ಕೇಳಿದ ಮಾತು ಅದು, ಜನರ ಮಧ್ಯದಲ್ಲಿದ್ದೇನೆ ಅಂತ ಮಗನ ಉತ್ತರ. ಆ ದಿನ ಅದು ತೀರ ಸಾಧಾರಣ ಸಂಭಾಷಣೆ. ಅಪ್ಪ ಮುಖ್ಯಮಂತ್ರಿಯಾಗಿ, ಮಗ ಮಂಡ್ಯದ ಅಭ್ಯರ್ಥಿಯಾದಾಗ ಯಾರೋ ಆ ತುಣುಕನ್ನು ಹೊರಗೆಳೆದರು. ಅಷ್ಟೇ, ಊಟದ ಪಂಕ್ತಿಯಲ್ಲಿ ಕಾಣದವನನ್ನೂ ಜನ ಹಾಗೇ ಕೂಗತೊಡಗಿದರು. ಆ ಮಾತಿನಲ್ಲಿ ಒಂದೂ ಕೆಟ್ಟ ಪದವಿಲ್ಲ. ಇಷ್ಟು ದಿನ ಎಲ್ಲಿದ್ದೆ ಎಂಬ ಮತದಾರನ ಪ್ರಶ್ನೆಯನ್ನು ಅಪ್ಪನ ಬಾಯಿಂದಲೇ ಕೇಳಿಸಿದ್ದು ಅದರ ಜಾಣತನ. ನಿಖಿಲ್ ಒಂದೂಕಾಲು ಲಕ್ಷ ಮತಗಳಿಂದ ಸೋತರು. ಸೋಲಿಗೆ ಅದೇ ಕಾರಣ ಅನ್ನುವಷ್ಟು ಮೀಮುಗಳ ಮೇಲೆ ನನಗೆ ಭಕ್ತಿಯಿಲ್ಲ. ಅದು ಒಳ್ಳೆಯ ಅಣಕವಾಗಿತ್ತು ಅಂತಷ್ಟೇ ನನ್ನ ವಾದ.

ಇನ್ನೊಂದು ಬಗೆಯೂ ಉಂಟು. ಆರ್‌ಸಿಬಿ ಅಭಿಮಾನಿಗಳ ಹಾಗೆ ತಮ್ಮನ್ನು ತಾವೇ ಗೇಲಿ ಮಾಡಿಕೊಂಡವರು ಕಡಿಮೆ. 2017ರಲ್ಲಿ ಕೋಲ್ಕತ್ತದಲ್ಲಿ ತಂಡ 49 ರನ್ನಿಗೆ ಮುದುಡಿಕೊಂಡಾಗಲೂ ಅತ್ಯುತ್ತಮ ಹಾಸ್ಯ ಬಂದದ್ದು ಬೆಂಗಳೂರಿನ ಕಡೆಯಿಂದಲೇ. ‘ಈ ಸಲ ಕಪ್ ನಮ್ದೇ’ ಅಂತ ಕೂಗಿ, ಸೋತ ಮರುದಿನ ‘ಮುಂದಿನ ಸಲ’ ಅಂತ ತಿದ್ದಿಕೊಳ್ಳುವುದು ಒಂದು ಆಚರಣೆಯೇ ಆಗಿಹೋಗಿತ್ತು. 2024ರ ಮಾರ್ಚಿನಲ್ಲಿ ಮಹಿಳಾ ತಂಡ ಕಪ್ ಗೆದ್ದಾಗ ಸ್ಮೃತಿ ಮಂಧಾನ ಮೈಕಿನ ಮುಂದೆ ‘ಈ ಸಲ ಕಪ್ ನಮ್ದು’ ಅಂದರು. ಕನ್ನಡ ಬಾರದ ಹುಡುಗಿ ಒಂದು ಏಕಾರ ಕಿತ್ತುಹಾಕಿ, ಹಂಬಲವನ್ನು ದಾಖಲೆಯಾಗಿ ಮಾಡಿದಳು. ಇಷ್ಟು ಹಗುರಾಗಿ ಅವಧಾರಣೆಯ ಪಾಠ ಮಾಡಿದ ಮೇಷ್ಟರನ್ನು ನಾನು ನೋಡಿಲ್ಲ.

ಇವೆರಡಕ್ಕೂ ಟ್ರೋಲ್ ಅನ್ನುತ್ತೇವೆ. 2017ರ ಸೆಪ್ಟೆಂಬರ್ 5ರ ರಾತ್ರಿ ಗೌರಿ ಲಂಕೇಶ್ ತಮ್ಮ ಮನೆಯ ಬಾಗಿಲಲ್ಲೇ ಗುಂಡಿಗೆ ಬಲಿಯಾದ ಮೇಲೆ ಹಬ್ಬ ಆಚರಿಸಿದ ಸಂದೇಶಗಳನ್ನು ಹಾಕಿದವರಿಗೂ ಟ್ರೋಲ್ ಅಂತಲೇ ಅಂದೆವು. ಅವು ಎಷ್ಟು ಅತಿಯಾಗಿದ್ದವೆಂದರೆ ಅಂದಿನ ಕೇಂದ್ರ ಕಾನೂನು ಸಚಿವರೇ ಟ್ವಿಟರಿನಲ್ಲಿ ಖಂಡಿಸಬೇಕಾಯಿತು. ನನಗೆ ಆಗ ನೆನಪಾದದ್ದು ಗೌರಿಯವರ ತಂದೆಯ ಪತ್ರಿಕೆ. 1980ರಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ ಗುಂಡೂರಾಯರನ್ನು ‘ಗುಂ’ ಅಂತಲೂ ಬಂಗಾರಪ್ಪನವರನ್ನು ‘ಬಂ’ ಅಂತಲೂ ಕರೆದು ರಾಜ್ಯವಿಡೀ ನಗಿಸಿತು. ನಿರ್ದಯ ಹಾಸ್ಯವೇ ಅದು, ಸಂಶಯವಿಲ್ಲ. ಆದರೆ ಅದನ್ನು ಬರೆದವರ ಹೆಸರು, ವಿಳಾಸ ಪತ್ರಿಕೆಯಲ್ಲೇ ಅಚ್ಚಾಗಿರುತ್ತಿತ್ತು, ಸಿಟ್ಟಾದವರು ಕೋರ್ಟಿಗೆ ಹೋಗಬಹುದಿತ್ತು. ಗುರಿಯಲ್ಲಿದ್ದವರು ಪೊಲೀಸ್ ಇಲಾಖೆಯನ್ನೇ ಕೈಯಲ್ಲಿಟ್ಟುಕೊಂಡಿದ್ದ ಮುಖ್ಯಮಂತ್ರಿಗಳು. ಮಗಳ ಸಾವಿನ ರಾತ್ರಿ ಕೇಕೆ ಹಾಕಿದ ಎಷ್ಟೋ ಖಾತೆಗಳಿಗೆ ಹೆಸರೂ ಇರಲಿಲ್ಲ, ಮುಖವೂ ಇರಲಿಲ್ಲ.

ಕನ್ನಡದಲ್ಲಿ ಈ ಅಂತರಗಳನ್ನು ಹೇಳಲು ಪದಗಳಿಲ್ಲದೆ ಹೀಗಾಯಿತು ಅಂದರೆ ಒಪ್ಪಬಹುದಿತ್ತು. ನಮ್ಮಲ್ಲಿ ರೇಗಿಸು, ಛೇಡಿಸು, ಕಿಚಾಯಿಸು, ಕಾಲೆಳೆ, ಕುಟುಕು, ಮೂದಲಿಸು, ಹಂಗಿಸು, ಹೀಯಾಳಿಸು, ಜರೆ ಎಲ್ಲ ಇವೆ. ಪ್ರತಿಯೊಂದೂ ಯಾರು ಯಾರಿಗೆ ಅನ್ನುತ್ತಿದ್ದಾರೆ ಅಂತಲೂ ಹೇಳುತ್ತದೆ. ರೇಗಿಸುವ ಸಲಿಗೆ ಸೋದರಮಾವನಿಗೆ, ಅತ್ತೆಯ ಮಗನಿಗೆ, ಮೈದುನನಿಗೆ ಉಂಟು, ದಾರಿಹೋಕನಿಗಿಲ್ಲ. ಹಂಗಿಸಬೇಕಾದರೆ ಮೊದಲು ಒಂದು ಹಂಗು ಇರಬೇಕು, ಒಂದು ಹೊತ್ತಿನ ಅನ್ನವನ್ನೋ ಒಂದು ಸಾಲವನ್ನೋ ಕೊಟ್ಟವರು ಮಾತ್ರ ಹಂಗಿಸಬಲ್ಲರು. ಮೂದಲಿಸುವುದು ಕೈ ಮೇಲಿದ್ದವರು, ಕೇಳುವವರು ಎದುರು ಮಾತಾಡಲಾರದವರು, ಮಕ್ಕಳಿಲ್ಲದ ಸೊಸೆಗೆ ಮನೆಮಂದಿ ಮಾಡುವುದು ಅದನ್ನೇ. ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಲಾವಣಿಯಲ್ಲಿ ಹರ ಹೆಚ್ಚೋ ಶಕ್ತಿ ಹೆಚ್ಚೋ ಅಂತ ಎರಡು ಮೇಳಗಳು ರಾತ್ರಿಯಿಡೀ ಒಬ್ಬರನ್ನೊಬ್ಬರು ಸವಾಲು ಹಾಕಿ ಜರೆದುಕೊಳ್ಳುತ್ತವೆ. ಜರೆಯಬೇಕಾದರೂ ಅಲ್ಲಿ ಎದುರಾಳಿಯ ಮುಂದೆ ನಿಂತು, ತಾಳಕ್ಕೆ ಸರಿಯಾಗಿ ಜರೆಯಬೇಕು, ಉತ್ತರಕ್ಕೂ ಸರದಿ ಬಿಡಬೇಕು.

ಮಲ್ಪೆ, ಮಂಗಳೂರಿನ ಓದುಗರಿಗೆ ಟ್ರೋಲ್ ಅಂದಾಗ ‘ಟ್ರಾಲ್ ಬೋಟ್’ ನೆನಪಾಗಬಹುದು. ಅದು ಬೇರೆಯೇ ಪದ, ಇಂಗ್ಲಿಷಿನವರೇ ಎರಡನ್ನೂ ಕಲಸಿಕೊಳ್ಳುತ್ತಾರೆ. ಟ್ರೋಲ್ ಗಾಳ, ಟ್ರಾಲ್ ಬಲೆ. ಟ್ರಾಲ್ ಬಲೆ ಸಮುದ್ರದ ತಳವನ್ನು ಗುಡಿಸಿಕೊಂಡು ಬರುವಾಗ ಬೇಕಾದ ಮೀನು, ಬೇಡದ ಮೀನು, ಮರಿಮೀನು ಎಲ್ಲ ಒಟ್ಟಿಗೇ ಬರುತ್ತವೆ, ಮಾರಾಟವಾಗದ್ದು ಮೀನಿನ ಹಿಟ್ಟಿನ ಕಾರ್ಖಾನೆಗೆ ಹೋಗುತ್ತದೆ. ಒಂದು ಮೀನಿಗೆ ಹಾಕಿದ ಗಾಳವಾಗಿ ಹುಟ್ಟಿದ ನಮ್ಮ ಟ್ರೋಲು ಈಗ ಈ ಟ್ರಾಲ್ ಆಗಿದೆ. ಬೋಟುಗಳಿಗಾದರೂ ಜೂನ್, ಜುಲೈ ಸೇರಿ 61 ದಿನ ಸರ್ಕಾರ ರಜೆ ಕೊಡಿಸುತ್ತದೆ.

ಬಲೆ ಎಳೆಯುವ ಕೈಯೂ ಬದಲಾಗಿದೆ. ‘ಟ್ರೋಲುಗಳಿಗೆ ಮೇವು ಹಾಕಬೇಡಿ’ ಅನ್ನುವುದು ಯೂಸ್‌ನೆಟ್ ಕಾಲದ ಬುದ್ಧಿಮಾತು. ನೀವು ಸುಮ್ಮನಿದ್ದರೂ ಈಗ ಯಂತ್ರ ಮೇವು ಹಾಕುತ್ತದೆ. ಫೇಸ್‌ಬುಕ್ 2017ರಿಂದ ಕೋಪದ ಇಮೋಜಿಗೂ ಲೈಕಿನ ಐದು ಪಟ್ಟು ತೂಕ ಕೊಟ್ಟು ಪೋಸ್ಟುಗಳನ್ನು ಮೇಲೆತ್ತುತ್ತಿತ್ತು ಅಂತ 2021ರಲ್ಲಿ ಸೋರಿಕೆಯಾದ ಅದರದೇ ಕಾಗದಪತ್ರಗಳು ತೋರಿಸಿದವು. ಆ ತೂಕ ಸೊನ್ನೆಗೆ ಇಳಿದದ್ದು 2020ರಲ್ಲಿ. ಅಷ್ಟರಲ್ಲಿ ಮೂರು ವರ್ಷ ನಮ್ಮ ಸಿಟ್ಟು ಚೆನ್ನಾಗಿ ವ್ಯಾಪಾರವಾಗಿತ್ತು.

ಅಗಲ ಹೆಚ್ಚಾದ ಪದವನ್ನು ಕಾನೂನಿನ ಕೈಗೆ ಕೊಟ್ಟರೆ ಏನಾಗುತ್ತದೆ ಅಂತಲೂ ನೋಡಿಯಾಗಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮು ‘ಕಿರಿಕಿರಿ’ ಉಂಟುಮಾಡುವ ಸಂದೇಶವನ್ನೂ ಅಪರಾಧ ಮಾಡಿತ್ತು. 2012ರಲ್ಲಿ ಬಾಳ್ ಠಾಕ್ರೆ ತೀರಿಕೊಂಡಾಗ ಮುಂಬೈ ಯಾಕೆ ಬಂದಾಗಬೇಕು ಅಂತ ಫೇಸ್‌ಬುಕ್ಕಿನಲ್ಲಿ ಕೇಳಿದ ಪಾಲ್ಘರಿನ ಯುವತಿಯನ್ನೂ, ಅದಕ್ಕೆ ಲೈಕ್ ಒತ್ತಿದ ಅವಳ ಗೆಳತಿಯನ್ನೂ ಪೊಲೀಸರು ಹಿಡಿದರು. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಕಲಮನ್ನೇ ತೆಗೆದುಹಾಕಿತು. ಕಿರಿಕಿರಿ ಅಂದರೆ ಏನು ಅಂತ ಯಾರೂ ಹೇಳಲಾರದ್ದು ಅದಕ್ಕೆ ದೊಡ್ಡ ಕಾರಣ.

ಟ್ರೋಲ್ ಪದ ಹೀಗೆ ಅಗಲವಾದದ್ದರಿಂದ ಲಾಭ ಆದದ್ದು ಇಬ್ಬರಿಗೆ. ಹೆಂಗಸೊಬ್ಬಳ ಇನ್‌ಬಾಕ್ಸಿಗೆ ಹೋಗಿ ಅತ್ಯಾಚಾರದ ಬೆದರಿಕೆ ಹಾಕಿದವನು ಸಿಕ್ಕಿಬಿದ್ದಾಗ ‘ಸುಮ್ನೆ ಟ್ರೋಲ್ ಮಾಡಿದ್ದು ಸಾರ್’ ಅಂತ ನಿಖಿಲನ ಮೀಮು ಮಾಡಿದವರ ಪಂಕ್ತಿಯಲ್ಲಿ ಕೂತುಬಿಡುತ್ತಾನೆ. ರಸ್ತೆ ಗುಂಡಿಯ ಫೋಟೊ ಹಾಕಿ ಟೆಂಡರಿನ ಲೆಕ್ಕ ಕೇಳಿದವನಿಗೆ ಜನಪ್ರತಿನಿಧಿಯೂ ‘ಟ್ರೋಲ್‌ಗೆಲ್ಲ ತಲೆ ಕೆಡಿಸಿಕೊಳ್ಳಲ್ಲ’ ಅಂತ ಕೈ ಝಾಡಿಸಿ ಹೋಗುತ್ತಾರೆ.

ಈ ಎರಡೂ ಸುದ್ದಿಯನ್ನು ಒಂದೇ ತಲೆಬರಹದಲ್ಲಿ ಹಾಕುವ ಡೆಸ್ಕಿನ ಗೆಳೆಯರನ್ನು ಕೇಳಿದರೆ ಜಾಗ ಸಾಲದು ಅನ್ನುತ್ತಾರೆ. ‘ಕೊಲೆ ಬೆದರಿಕೆ’ ಎನ್ನುವುದು ‘ನೆಟ್ಟಿಗರಿಂದ ಟ್ರೋಲ್’ಗಿಂತ ಕಡಿಮೆ ಜಾಗವನ್ನೇ ತಿನ್ನುತ್ತದೆ, ಅಕ್ಷರ ಎಣಿಸಿ ನೋಡಿ. ನಿಜವಾದ ಕಾರಣ ಬೇರೆ ಇರಬಹುದು ಅಂತ ನನ್ನ ಅನುಮಾನ. ಟ್ರೋಲ್ ಅಂತ ಬರೆದರೆ ಕೂತಲ್ಲೇ ನಾಲ್ಕು ಕಾಮೆಂಟಿನ ಸ್ಕ್ರೀನ್‌ಶಾಟ್ ಅಂಟಿಸಿ ಸುದ್ದಿ ಮುಗಿಸಬಹುದು. ಬೆದರಿಕೆ ಅಂತ ಬರೆದರೆ ಠಾಣೆಗೆ ಫೋನ್ ಮಾಡಬೇಕು, ಎಫ್‌ಐಆರ್ ಆಯಿತಾ ಅಂತ ಕೇಳಬೇಕು, ಆಗಿಲ್ಲ ಅಂದರೆ ಯಾಕೆ ಆಗಿಲ್ಲ ಅಂತಲೂ ಕೇಳಬೇಕು.