ಚಿತ್ರ ನೋಡುವ ಕೂಟ: ಹವ್ಯಾಸಿ ಛಾಯಾಗ್ರಾಹಕರ ಮೌಖಿಕ ಪರಂಪರೆ

ಜಾನಪದವೆಂದರೆ ಹಾಡು, ಕಥೆ, ಗಾದೆ, ಕುಣಿತಗಳಷ್ಟೇ ಎಂಬ ತಿಳಿವಳಿಕೆ ಹಿಂದೆ ಸರಿದು ಬಹುಕಾಲವಾಯಿತು. ಒಂದು ಸಮುದಾಯವು ತನ್ನ ಅರಿವನ್ನು ಬಾಯಿಂದ ಬಾಯಿಗೆ, ಕೈಯಿಂದ ಕೈಗೆ ದಾಟಿಸುವ ಪ್ರತಿಯೊಂದು ನೆಲೆಯೂ ನಮ್ಮ ಅಧ್ಯಯನಕ್ಕೆ ಸೇರಿದ್ದೇ ಆಗಿದೆ. ಆದರೂ ಛಾಯಾಗ್ರಹಣದಂತಹ ಯಂತ್ರಾಧಾರಿತ ಹವ್ಯಾಸದ ಕಡೆಗೆ ಜಾನಪದ ವಿದ್ವಾಂಸರ ಗಮನ ಹರಿದಿರುವುದು ಕಡಿಮೆ. ಕ್ಯಾಮೆರಾ ವಿದೇಶದಿಂದ ಬಂದದ್ದು, ಅದರ ವಿದ್ಯೆ ಪುಸ್ತಕದಲ್ಲಿರುವುದು ಎಂಬ ಊಹೆ ಇದಕ್ಕೆ ಕಾರಣವಿರಬಹುದು. ಪ್ರಸ್ತುತ ಪ್ರಬಂಧವು ಈ ಊಹೆಯನ್ನು ಪರಿಶೀಲಿಸುತ್ತದೆ. ಕ್ಯಾಮೆರಾವನ್ನು ಜೀವನೋಪಾಯವಾಗಿ ಹಿಡಿಯದೆ ಪ್ರೀತಿಯಿಂದ ಹಿಡಿದವರು ಭಾರತದಲ್ಲಿ ತಮ್ಮ ವಿದ್ಯೆಯನ್ನು ಕಲಿತದ್ದು ಮುಖ್ಯವಾಗಿ ಚಿತ್ರಗಳನ್ನು ಒಬ್ಬರ ಮುಂದೊಬ್ಬರು ಇಟ್ಟು ಮಾತನಾಡುವ ಕೂಟಗಳಲ್ಲಿ ಎಂಬುದು ಇಲ್ಲಿನ ವಾದ. ಚಿತ್ರಗಳು ಉಳಿದಿವೆ, ಅವುಗಳನ್ನು ತಿದ್ದಿದ ಮಾತುಗಳು ಉಳಿದಿಲ್ಲ ಎಂಬುದು ಇಲ್ಲಿನ ಆತಂಕ.

1. ಕೂಟದ ಹುಟ್ಟು

1839ರಲ್ಲಿ ಫ್ರಾನ್ಸಿನಲ್ಲಿ ಡಾಗೇರನ ವಿಧಾನ ಬಹಿರಂಗವಾಯಿತು. 1853ರಲ್ಲಿ ಲಂಡನ್ನಿನಲ್ಲಿ ಛಾಯಾಗ್ರಾಹಕರ ಸಂಘವೊಂದು ಸ್ಥಾಪನೆಯಾಯಿತು. ಅದಾದ ಮರುವರ್ಷವೇ, ಅಂದರೆ 1854ರಲ್ಲಿ, ಮುಂಬಯಿಯಲ್ಲಿಯೂ 1856ರಲ್ಲಿ ಕಲ್ಕತ್ತ ಮತ್ತು ಮದರಾಸುಗಳಲ್ಲಿಯೂ ಅಂತಹ ಸಂಘಗಳು ಹುಟ್ಟಿಕೊಂಡವು. ಇವುಗಳ ಸದಸ್ಯರಲ್ಲಿ ಸೈನ್ಯಾಧಿಕಾರಿಗಳು, ವೈದ್ಯರು, ಸರ್ಕಾರಿ ನೌಕರರು ಇದ್ದರು. ಇಂಗ್ಲೆಂಡಿನ ಕೈಪಿಡಿಗಳಲ್ಲಿ ಹೇಳಿದ ಪ್ರಮಾಣ ಮತ್ತು ಕಾಲಗಳು ಇಲ್ಲಿನ ಸೆಕೆಗೂ ಬಿಸಿಲಿಗೂ ಹೊಂದುತ್ತಿರಲಿಲ್ಲ. ದ್ರಾವಣ ಬೇಗ ಒಣಗುತ್ತಿತ್ತು, ಕಾಗದ ಕೆಡುತ್ತಿತ್ತು. ಆದುದರಿಂದ ಒಬ್ಬರು ಕಂಡುಕೊಂಡ ಉಪಾಯ ಇನ್ನೊಬ್ಬರಿಗೆ ಅನಿವಾರ್ಯವಾಗಿತ್ತು. ಹಂಚಿಕೊಳ್ಳುವಿಕೆಯು ಸೌಜನ್ಯಕ್ಕಿಂತ ಮೊದಲು ಅಗತ್ಯವಾಗಿತ್ತೆಂಬುದನ್ನು ಇಲ್ಲಿ ಗಮನಿಸಬೇಕು. ಮುಂಬಯಿಯಲ್ಲಿ 1856ರಿಂದ ಹೊರಬಂದ ‘ಇಂಡಿಯನ್ ಅಮೆಚೂರ್ಸ್ ಫೋಟೊಗ್ರಾಫಿಕ್ ಆಲ್ಬಂ’ ಎಂಬ ಮಾಸಿಕ ಸಂಪುಟವು ಈ ಹಂಚಿಕೆಯ ಮುದ್ರಿತ ರೂಪ.

ಕನ್ನಡ ನಾಡು ಈ ಚರಿತ್ರೆಯೊಳಗೆ ಬಹು ಬೇಗ ಬಂದಿತು. ಕಂಪನಿ ಸೈನ್ಯದ ಅಧಿಕಾರಿ ಲಿನಿಯಸ್ ಟ್ರೈಪ್ 1854ರ ಕೊನೆಯಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿ ಹಳೇಬೀಡು, ಬೇಲೂರು, ಶ್ರವಣಬೆಳಗೊಳಗಳ ಚಿತ್ರಗಳನ್ನು ಕಾಗದದ ನೆಗೆಟಿವ್‌ಗಳ ಮೇಲೆ ತೆಗೆದನು. 1855ರ ಮದರಾಸು ಪ್ರದರ್ಶನದಲ್ಲಿ ಅವನು ಇಟ್ಟ 68 ಚಿತ್ರಗಳು ತೀರ್ಪುಗಾರರ ಮೆಚ್ಚುಗೆ ಪಡೆದವು. 1866ರಲ್ಲಿ ಪ್ರಕಟವಾದ ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಶಿಲ್ಪವನ್ನು ಕುರಿತ ಬೃಹತ್ ಗ್ರಂಥದ ಚಿತ್ರಗಳೂ ಡಾ. ಪಿಗೌ, ನೀಲ್ ಮತ್ತು ಕರ್ನಲ್ ಬಿಗ್ಸ್ ಎಂಬ ಮೂವರವು. ಇವರಲ್ಲಿ ಛಾಯಾಚಿತ್ರದ ಅಂಗಡಿಯಿಟ್ಟು ಬದುಕಿದವರು ಯಾರೂ ಅಲ್ಲ. ನಮ್ಮ ದೇವಾಲಯಗಳ ಮೊದಲ ಛಾಯಾದಾಖಲೆಗಳಿಗಾಗಿ ನಾವು ಋಣಿಗಳಾಗಿರುವುದು ಬಹುಮಟ್ಟಿಗೆ ಇಂತಹವರಿಗೇ.

2. ಕೂಟದೊಳಗೆ ಯಾರು?

ಕೂಟದಲ್ಲಿ ಎಲ್ಲರೂ ಸಮಾನರು ಎಂಬುದು ಹೇಳಿಕೆ. ಆಚರಣೆ ಯಾವಾಗಲೂ ಹಾಗಿರಲಿಲ್ಲ. ಬಂಗಾಳದ ಶ್ರೇಷ್ಠ ವಿದ್ವಾಂಸ ರಾಜೇಂದ್ರಲಾಲ್ ಮಿತ್ರ ಅವರು ಕಲ್ಕತ್ತದ ಸಂಘದ ಪದಾಧಿಕಾರಿಗಳಾಗಿದ್ದರು. 1857ರ ಏಪ್ರಿಲ್ ತಿಂಗಳಿನಲ್ಲಿ ನಡೆದ ಸಾರ್ವಜನಿಕ ಸಭೆಯೊಂದರಲ್ಲಿ ಅವರು ನೀಲಿ ಬೆಳೆಯ ಐರೋಪ್ಯ ತೋಟಗಾರರನ್ನು ಕಟುವಾಗಿ ಟೀಕಿಸಿದರು. ಆ ಮಾತಿಗೂ ಛಾಯಾಗ್ರಹಣಕ್ಕೂ ಸಂಬಂಧವಿರಲಿಲ್ಲ. ಆದರೂ ಸಂಘವು ಅವರನ್ನು ಹೊರಹಾಕಿತು. ಇನ್ನೊಬ್ಬರ ಚಿತ್ರವನ್ನು ತಿದ್ದುವ ಅಧಿಕಾರವು ಕೂಟದ ಹೊರಗಿನ ಅಧಿಕಾರದಿಂದ ಬೇರೆಯಾಗಿ ನಿಲ್ಲಲಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಇದಕ್ಕೆ ಪ್ರತಿಯಾಗಿ ಇನ್ನೊಂದು ನಿದರ್ಶನವನ್ನು ಇಡಬಹುದು. 1919ರಲ್ಲಿ ಹುಟ್ಟಿದ ಅವಳಿ ಸೋದರಿಯರಾದ ಮನೋಬೀನಾ ಮತ್ತು ದೇವಲೀನಾ ಕಾಶಿಯ ಬಳಿಯ ರಾಮನಗರದಲ್ಲಿ ಬೆಳೆದವರು. ತಂದೆ ಕೊಟ್ಟ ಕ್ಯಾಮೆರಾದಿಂದ ಬಾಲ್ಯದಲ್ಲಿಯೇ ಚಿತ್ರ ತೆಗೆಯಲಾರಂಭಿಸಿದರು. 1930ರ ದಶಕದಲ್ಲಿ ಅವರು ಸಂಯುಕ್ತ ಪ್ರಾಂತದ ಅಂಚೆ ಬಳಗವೊಂದರ ಸದಸ್ಯರಾದರು. ಇಂತಹ ಬಳಗಗಳ ಕ್ರಮವೆಂದರೆ, ಚಿತ್ರಗಳ ಕಟ್ಟು ಅಂಚೆಯಲ್ಲಿ ಸದಸ್ಯರಿಂದ ಸದಸ್ಯರಿಗೆ ಸಾಗುವುದು. ಪ್ರತಿಯೊಬ್ಬರೂ ಉಳಿದವರ ಚಿತ್ರಗಳನ್ನು ನೋಡಿ ಅಭಿಪ್ರಾಯ ಬರೆದು ಮುಂದಕ್ಕೆ ಕಳುಹಿಸುವುದು. ಸಭೆಯ ಕೋಣೆಗೆ ಹೆಣ್ಣುಮಕ್ಕಳು ಹೋಗುವುದು ಸುಲಭವಲ್ಲದ ಕಾಲದಲ್ಲಿ ಕೂಟವೇ ಮನೆಯ ಬಾಗಿಲಿಗೆ ಬಂದಂತಾಯಿತು. ಮುಂದೆ ಮನೋಬೀನಾ ಅವರು ಚಲನಚಿತ್ರ ನಿರ್ದೇಶಕ ಬಿಮಲ್ ರಾಯ್ ಅವರ ಪತ್ನಿಯೆಂದೇ ಹೆಚ್ಚು ಪರಿಚಿತರಾದರು. ಅವರ ಚಿತ್ರಗಳ ಕಡೆಗೆ ವಿದ್ವಾಂಸರ ಗಮನ ಹರಿದದ್ದು ಬಹು ತಡವಾಗಿ.

3. ಕತ್ತಲೆ ಕೋಣೆಯ ವಿದ್ಯೆ

ಸ್ವಾತಂತ್ರ್ಯಾನಂತರ ಚದುರಿದ್ದ ಕೂಟಗಳನ್ನು ಒಂದು ಸೂತ್ರದಲ್ಲಿ ಪೋಣಿಸಿದವರಲ್ಲಿ ಬೆಂಗಳೂರಿನ ವೈದ್ಯ ಡಾ. ಜಿ. ಥಾಮಸ್ ಪ್ರಮುಖರು. 1953ರಲ್ಲಿ ಭಾರತೀಯ ಛಾಯಾಗ್ರಹಣ ಒಕ್ಕೂಟದ ಸ್ಥಾಪನೆಗೆ ಅವರು ಕಾರಣರಾದರು. 1981ರಲ್ಲಿ ಪ್ರಕಟವಾದ, ಭಾರತದ ಛಾಯಾಗ್ರಹಣ ಚರಿತ್ರೆಯನ್ನು ಕುರಿತ ಗ್ರಂಥವೂ ಅವರದೇ. ಬೆಂಗಳೂರಿನಲ್ಲಿ ಮೈಸೂರು ಫೋಟೊಗ್ರಾಫಿಕ್ ಸೊಸೈಟಿ ಹಾಗೂ 1971ರಲ್ಲಿ ಆರಂಭವಾದ ಯೂತ್ ಫೋಟೊಗ್ರಾಫಿಕ್ ಸೊಸೈಟಿಗಳು ಈ ಪರಂಪರೆಯ ಮುಖ್ಯ ನೆಲೆಗಳು. ವನ್ಯಜೀವಿ ಛಾಯಾಗ್ರಹಣದಲ್ಲಿ ಒ. ಸಿ. ಎಡ್ವರ್ಡ್ಸ್ ಅವರಿಂದ ಟಿ. ಎನ್. ಎ. ಪೆರುಮಾಳ್ (1932–2017) ಅವರಿಗೆ, ಅವರಿಂದ ಮುಂದಿನ ಪೀಳಿಗೆಗೆ ಹರಿದು ಬಂದ ವಿದ್ಯೆಯನ್ನು ಗುರುಶಿಷ್ಯ ಪರಂಪರೆಯೆಂದೇ ಕರೆಯಬೇಕು. ರಾಜ್ಯದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆ, ಮೂಡಿಗೆರೆಯ ಸಾಹಿತಿ ಪೂರ್ಣಚಂದ್ರ ತೇಜಸ್ವಿ ಅವರಂತಹವರೂ ಹಕ್ಕಿ–ಪ್ರಾಣಿಗಳ ಬೆನ್ನು ಹತ್ತಿ ಕ್ಯಾಮೆರಾ ಹಿಡಿದವರೆಂಬುದನ್ನು ನೆನೆದರೆ ಈ ಹವ್ಯಾಸದ ಹರವು ತಿಳಿಯುತ್ತದೆ.

ಇವರೆಲ್ಲ ಹಂಚಿಕೊಂಡ ವಿದ್ಯೆಯ ಸ್ವರೂಪವೇನು? ಫಿಲ್ಮಿನ ಕಾಲದ ಕಪ್ಪು–ಬಿಳುಪು ಮುದ್ರಣವನ್ನೇ ತೆಗೆದುಕೊಳ್ಳಬಹುದು. ಕೆಂಪು ದೀಪದ ಮಂದ ಬೆಳಕಿನಲ್ಲಿ ಎನ್‌ಲಾರ್ಜರ್‌ನ ಕೆಳಗೆ ಬ್ರೋಮೈಡ್ ಕಾಗದವನ್ನಿಟ್ಟು, ಅದರ ಒಂದು ಪಟ್ಟಿಗೆ 2, 4, 8 ಸೆಕೆಂಡುಗಳಂತೆ ಬೇರೆ ಬೇರೆ ಪ್ರಮಾಣದ ಬೆಳಕು ಕೊಟ್ಟು ಮೊದಲು ಪರೀಕ್ಷಿಸಬೇಕು. ಮುಖದ ಭಾಗ ಕಪ್ಪಾಗುವಂತಿದ್ದರೆ ತಂತಿಯ ತುದಿಗೆ ಅಂಟಿಸಿದ ರಟ್ಟಿನ ತುಂಡಿನಿಂದ ಅಲ್ಲಿಗೆ ಬೀಳುವ ಬೆಳಕನ್ನು ತಡೆಯಬೇಕು. ಆಕಾಶ ಬೆಳ್ಳಗೆ ಉಳಿದರೆ ಅಂಗೈಗಳ ಸಂದಿಯಿಂದ ಅಲ್ಲಿಗಷ್ಟೇ ಹೆಚ್ಚು ಬೆಳಕು ಬಿಡಬೇಕು. ಕೈ ಅಲುಗಾಡುತ್ತಲೇ ಇರಬೇಕು. ನಿಂತರೆ ಅಂಚು ಮೂಡುತ್ತದೆ. ಇವೆಲ್ಲ ಕೈಪಿಡಿಗಳಲ್ಲಿಯೂ ಇವೆ. ಆದರೆ ಎಷ್ಟು ಅಲುಗಿಸಬೇಕು, ಯಾವಾಗ ಸಾಕು ಎಂಬುದನ್ನು ಯಾವ ಪುಸ್ತಕವೂ ಕಲಿಸಲಾರದು. ಪಕ್ಕದಲ್ಲಿ ನಿಂತ ಹಿರಿಯರ ಕೈ ನೋಡಿಯೇ ಕಲಿಯಬೇಕು. ಮಗ್ಗದಲ್ಲಿ ಎಳೆಯ ಬಿಗಿಯನ್ನು, ಕುಂಬಾರನ ತಿಗರಿಯಲ್ಲಿ ಮಣ್ಣಿನ ಹದವನ್ನು ಕಲಿಯುವ ಬಗೆಗೂ ಇದಕ್ಕೂ ವ್ಯತ್ಯಾಸವಿಲ್ಲ.

4. ವಿಮರ್ಶೆಯ ರೀತಿ

ಕ್ಷೇತ್ರಕಾರ್ಯದ ಸಂದರ್ಭದಲ್ಲಿ ಇಂತಹ ಕೆಲವು ಕೂಟಗಳಲ್ಲಿ ಕುಳಿತು ನೋಡುವ ಅವಕಾಶ ನನಗೆ ದೊರಕಿತು. ಅಲ್ಲಿ ಬರೆಯದ ಕಟ್ಟಳೆಗಳಿವೆ. ಚಿತ್ರವನ್ನು ಎಲ್ಲರಿಗೂ ಕಾಣುವಂತೆ ನಿಲ್ಲಿಸಿದ ಮೇಲೆ ತೆಗೆದವರು ಮಾತನಾಡಬಾರದು. ಚಿತ್ರವೇ ತನ್ನನ್ನು ಸಮರ್ಥಿಸಿಕೊಳ್ಳಬೇಕು. ಮೊದಲು ಕಿರಿಯರು, ಕೊನೆಗೆ ಹಿರಿಯರು ಮಾತನಾಡುವರು. ಹಿರಿಯರು ಮೊದಲೇ ಹೇಳಿದರೆ ಕಿರಿಯರ ಕಣ್ಣು ಬೆಳೆಯದೆಂಬುದು ಇದರ ಹಿಂದಿನ ತಿಳಿವು. ಗುಣವನ್ನು ಹೇಳಿದ ಬಳಿಕವೇ ದೋಷದ ಮಾತು. ದೋಷ ಹೇಳಿದವರು ಅದನ್ನು ತಿದ್ದುವ ದಾರಿಯನ್ನೂ ಹೇಳಬೇಕು. ಅನೇಕ ವೇಳೆ ಬಾಯಿಮಾತಿಗೆ ಬದಲಾಗಿ ಎರಡು ರಟ್ಟಿನ ತುಂಡುಗಳನ್ನು ಚಿತ್ರದ ಅಂಚಿಗೆ ಹಿಡಿದು, ಎಲ್ಲಿ ಕತ್ತರಿಸಿದರೆ ಚೆನ್ನೆಂದು ತೋರಿಸುವುದುಂಟು.

ನಮ್ಮ ಗರಡಿಮನೆಯನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಗರಡಿಯಲ್ಲಿ ಕಿರಿಯನ ತಪ್ಪು ಪಟ್ಟನ್ನು ಎಲ್ಲರೆದುರಿಗೇ ತಿದ್ದುತ್ತಾರೆ. ಆದರೆ ಅದು ಅವಮಾನವಾಗುವುದಿಲ್ಲ, ಏಕೆಂದರೆ ತಿದ್ದುವವನೂ ಅದೇ ಮಣ್ಣಿನಲ್ಲಿ ಬಿದ್ದೆದ್ದವನು. ಛಾಯಾಗ್ರಾಹಕರ ಕೂಟದಲ್ಲಿಯೂ ಟೀಕಿಸಿದವನ ಚಿತ್ರ ಮುಂದಿನ ಸರದಿಯಲ್ಲಿ ಅದೇ ಸ್ಥಳಕ್ಕೆ ಬರಲೇಬೇಕು. ಸ್ನೇಹಪೂರ್ವಕ ವಿಮರ್ಶೆಯ ಮೂಲವು ಮೃದುವಾದ ಮಾತಿಗಿಂತ ಹೆಚ್ಚಾಗಿ ಈ ಸರದಿಯಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ವಿಮರ್ಶೆಯು ತಂತ್ರವನ್ನಷ್ಟೇ ಅಲ್ಲದೆ ಮೌಲ್ಯವನ್ನೂ ತಿದ್ದುತ್ತದೆ. ಕಳೆದ ಶತಮಾನದ ಮಧ್ಯಭಾಗದಲ್ಲಿ ಗೂಡಿನ ಬಳಿ ಮರೆ ಕಟ್ಟಿ ಕುಳಿತು ಹಕ್ಕಿಗಳ ಚಿತ್ರ ತೆಗೆಯುವುದು ಎಲ್ಲರೂ ಅನುಸರಿಸುತ್ತಿದ್ದ ಕ್ರಮ. ಇಂದು ಅನೇಕ ಸ್ಪರ್ಧೆಗಳು ಗೂಡಿನ ಚಿತ್ರಗಳನ್ನು ಸ್ವೀಕರಿಸುವುದಿಲ್ಲ. ಚಿತ್ರ ಸ್ಫುಟವಾಗಿದೆಯೇ ಎಂಬ ಪ್ರಶ್ನೆಯ ಜೊತೆಗೆ, ಅದನ್ನು ತೆಗೆಯುವಾಗ ಮರಿಗಳಿಗೆ ತೊಂದರೆಯಾಯಿತೇ ಎಂಬ ಪ್ರಶ್ನೆಯೂ ಕೂಟದಲ್ಲಿ ಹುಟ್ಟಿತು. ನಿಯಮಗಳು ಕಾಗದಕ್ಕೆ ಬರುವ ಮುನ್ನ ಇಂತಹ ಪ್ರಶ್ನೆಗಳು ಮಾತಿನಲ್ಲಿ ಬಲಿಯುತ್ತವೆ.

5. ಉಪಸಂಹಾರ

ಈ ಮಾತಿನ ದಾಖಲೆ ನಮ್ಮಲ್ಲಿಲ್ಲ. ಪ್ರದರ್ಶನಕ್ಕೆ ಹೋಗಿಬಂದ ಚಿತ್ರದ ಬೆನ್ನಿಗೆ ಅಂಟಿಸಿದ ಚೀಟಿಗಳು ಅದು ಎಲ್ಲೆಲ್ಲಿ ಸ್ವೀಕೃತವಾಯಿತೆಂದು ಹೇಳುತ್ತವೆ. ಯಾರ ಮಾತಿನಿಂದ ಅದರ ಆಕಾಶ ಕಪ್ಪಾಯಿತು, ಯಾರ ಸಲಹೆಯಿಂದ ಎಡಗಡೆಯ ಮರ ಮಾಯವಾಯಿತು ಎಂಬುದನ್ನು ಅವು ಹೇಳುವುದಿಲ್ಲ. ಹಿರಿಯ ಹವ್ಯಾಸಿಯೊಬ್ಬರು ನನಗೆ ಒಂದೇ ನೆಗೆಟಿವ್‌ನಿಂದ ಬೇರೆ ಬೇರೆ ವರ್ಷಗಳಲ್ಲಿ ಮಾಡಿದ ಮೂರು ಮುದ್ರಣಗಳನ್ನು ತೋರಿಸಿದರು. ಮೂರರ ನಡುವಿನ ವ್ಯತ್ಯಾಸ ಕಣ್ಣಿಗೆ ಕಾಣುತ್ತಿತ್ತು; ಅದರ ಕಾರಣ ಅವರ ನೆನಪಿನಲ್ಲಿ ಮಾತ್ರ ಇತ್ತು. ನಾನು ಎರಡನೆಯ ಬಾರಿ ಹೋಗುವಷ್ಟರಲ್ಲಿ ಅವರು ಇರಲಿಲ್ಲ. ಚಿತ್ರಗಳು ಮನೆಯವರ ಬಳಿ ಸುರಕ್ಷಿತವಾಗಿವೆ. ಆ ವಿವರಣೆಯನ್ನು ಅಂದೇ ಧ್ವನಿಮುದ್ರಿಸಿಕೊಳ್ಳದಿದ್ದುದು ನನ್ನ ಲೋಪ.

ಈ ವಿದ್ಯೆಯ ಸಾಮಗ್ರಿಯೂ ಕಣ್ಮರೆಯಾಗುತ್ತಿದೆ. 1960ರಲ್ಲಿ ಊಟಿಯಲ್ಲಿ ಸ್ಥಾಪನೆಯಾಗಿ ‘ಇಂದು’ ಹೆಸರಿನ ಫಿಲ್ಮು ಮತ್ತು ಕಾಗದವನ್ನು ತಯಾರಿಸುತ್ತಿದ್ದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ ಮುಚ್ಚಿಹೋಗಿದೆ. ಅಂಕೀಯ ಕ್ಯಾಮೆರಾ ಬಂದ ಮೇಲೆ ಕತ್ತಲೆ ಕೋಣೆಗಳು ಸಾಮಾನು ತುಂಬುವ ಕೋಣೆಗಳಾಗಿವೆ. ಇದಕ್ಕಾಗಿ ವಿಷಾದಿಸಬೇಕಾಗಿಲ್ಲ, ಉಪಕರಣ ಬದಲಾಗುವುದು ಸಹಜ. ಕೂಟಗಳು ಇಂದಿಗೂ ನಡೆಯುತ್ತಿವೆ, ಚಿತ್ರವನ್ನು ಮುಂದಿಟ್ಟು ಮೌನವಾಗಿ ಕೇಳಿಸಿಕೊಳ್ಳುವ ಕ್ರಮವೂ ಉಳಿದಿದೆ. ಆದರೆ ಫಿಲ್ಮಿನ ಕಾಲದ ವಿದ್ಯೆಯನ್ನು ಅನುಭವದಿಂದ ಹೇಳಬಲ್ಲವರು ವೃದ್ಧರಾಗಿದ್ದಾರೆ. ಲಾವಣಿಕಾರರನ್ನು, ಸೋಬಾನೆ ಹಾಡುವ ತಾಯಂದಿರನ್ನು ಅರಸಿ ಹೋದಂತೆಯೇ ಇವರ ಮನೆಗಳಿಗೂ ನಾವು ಹೋಗಬೇಕಾಗಿದೆ. ಪ್ರತಿಯೊಂದು ಚಿತ್ರವನ್ನೂ ಮುಂದಿಟ್ಟುಕೊಂಡು, ಅದನ್ನು ತಿದ್ದಿದ ಮಾತುಗಳನ್ನು ಅವರ ಧ್ವನಿಯಲ್ಲಿಯೇ ದಾಖಲಿಸುವ ಯೋಜನೆಯೊಂದನ್ನು ಅಕಾಡೆಮಿಗಳೂ ವಿಶ್ವವಿದ್ಯಾಲಯಗಳೂ ಕೂಡಿ ಕೈಗೊಳ್ಳುವುದು ಅಗತ್ಯ. ಚಿತ್ರಸಂಗ್ರಹಕ್ಕೆ ಇನ್ನೂ ಕಾಲಾವಕಾಶವಿದೆ. ಮಾತಿನ ಸಂಗ್ರಹಕ್ಕೆ ಅಷ್ಟು ಅವಕಾಶವಿಲ್ಲ.